ತಕ್ಕಡಿಯಲ್ಲಿ ಕುಳಿತ ಹೆಣ್ಣುಮಕ್ಕಳು: ಕಂಟೋನ್ಮೆಂಟಿನ ಎರಡು ಕಟ್ಟಡಗಳು ಹೇಳುವ ಪಾಠ

ಬೆಂಗಳೂರಿನ ಶಿವಾಜಿನಗರದಲ್ಲಿ ಒಂದಕ್ಕೊಂದು ಹೆಚ್ಚು ದೂರವಿಲ್ಲದ ಎರಡು ಕಟ್ಟಡಗಳಿವೆ. ಒಂದು ರಸೆಲ್ ಮಾರುಕಟ್ಟೆ. ಬ್ರಿಟಿಷರ ಕಾಲದಲ್ಲಿ, 1927ರಲ್ಲಿ ಕಟ್ಟಲಾದ ಈ ಮಾರುಕಟ್ಟೆಯನ್ನು 1933ರಲ್ಲಿ ಉದ್ಘಾಟಿಸಿದವರು ಹಾಜಿ ಸರ್ ಇಸ್ಮಾಯಿಲ್ ಸೇಠ್. ಇನ್ನೊಂದು, ಅದೇ ಮಹನೀಯರ ದಾನದಿಂದ 1920ರ ದಶಕದಲ್ಲಿ ತಲೆಯೆತ್ತಿದ ಗೋಷಾ ಆಸ್ಪತ್ರೆ. ಮೊದಲನೆಯದರಲ್ಲಿ ಇಂದಿಗೂ ಹಣ್ಣು, ತರಕಾರಿ, ಮಾಂಸ, ಮೀನುಗಳು ತೂಗಲ್ಪಡುತ್ತವೆ. ಎರಡನೆಯದರಲ್ಲಿ ಇಂದಿಗೂ ತಾಯಂದಿರ ಹೆರಿಗೆಯಾಗುತ್ತದೆ. ಈಗ ಅದು ಸರಕಾರಿ ಆಸ್ಪತ್ರೆ. ಎಲ್ಲ ಧರ್ಮಗಳ ಬಡ ಮಹಿಳೆಯರೂ ಅದರ ಬಾಗಿಲಿಗೆ ಬರುತ್ತಾರೆ.

'ಗೋಷಾ' ಎಂಬುದು ಪಾರಸಿ ಶಬ್ದ. ಮೂಲೆ, ಏಕಾಂತ ಎಂಬುದು ಅದರ ಮೂಲಾರ್ಥ. ದಖನಿ ಆಡುನುಡಿಯಲ್ಲಿ ಪರ್ದಾ ಪಾಲಿಸುವ ಸ್ತ್ರೀಯರಿಗೆ ಸಂಬಂಧಿಸಿದುದು ಎಂಬ ಅರ್ಥದಲ್ಲಿ ಬಳಕೆಗೆ ಬಂತು. ಪರಪುರುಷ ವೈದ್ಯರೆದುರು ಬರಲು ಹಿಂಜರಿದು ಮನೆಯೊಳಗೇ ನರಳುವ ಸ್ತ್ರೀಯರಿಗಾಗಿ ಕಚ್ಛಿ ಮೇಮನ್ ವರ್ತಕರೊಬ್ಬರು ತಮ್ಮ ಸಂಪತ್ತನ್ನು ತೆರೆದರು. ಸಹನೆಯಿಂದಿರಿ ಎಂದು ಅವರಿಗೆ ಬೋಧಿಸಲಿಲ್ಲ. ಪರ್ದಾ ಬಿಟ್ಟು ಬನ್ನಿ ಎಂದೂ ಹೇಳಲಿಲ್ಲ. ಚಿಕಿತ್ಸೆಗೂ ಸ್ತ್ರೀಗೂ ನಡುವೆ ಇದ್ದ ಅಡ್ಡಿಯನ್ನು ತೆಗೆದರು, ಅಷ್ಟೆ. ಹೆಣ್ಣಿನ ದೇಹವು ಅಲ್ಲಾಹನ ಅಮಾನತ್ತು, ಅದಕ್ಕೆ ಆರೈಕೆಯ ಹಕ್ಕಿದೆ, ಗೌರವದ ಹಕ್ಕೂ ಇದೆ ಎಂಬ ಅರಿವು ಆ ಕಟ್ಟಡದಲ್ಲಿದೆ.

ತೂಗುವ ಸ್ಥಳ ಬೇರೆ, ಆರೈಕೆಯ ಸ್ಥಳ ಬೇರೆ ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ನಾವು ಮಾತ್ರ ಮಾರುಕಟ್ಟೆಯ ತಕ್ಕಡಿಯನ್ನು ಎತ್ತಿ ತಂದು ಮನೆಯ ದಿವಾನಖಾನೆಯಲ್ಲಿ ಇಟ್ಟುಬಿಟ್ಟಿದ್ದೇವೆ.

ದಿವಾನಖಾನೆಯ ತಕ್ಕಡಿ

ಹೆಣ್ಣು ನೋಡುವ ಶಾಸ್ತ್ರ ನಮ್ಮಲ್ಲಿ ಹೇಗೆ ನಡೆಯುತ್ತಿದೆಯೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಹುಡುಗನ ತಾಯಿ, ಚಿಕ್ಕಮ್ಮ, ಅತ್ತಿಗೆ, ಅಕ್ಕ, ತಂಗಿ ಎಲ್ಲರೂ ಸಾಲಾಗಿ ಕುಳಿತಿರುತ್ತಾರೆ. ಹುಡುಗಿ ಶರಬತ್ತಿನ ತಟ್ಟೆ ಹಿಡಿದು ಬರುತ್ತಾಳೆ. ಬಣ್ಣ ಸ್ವಲ್ಪ ಕಡಿಮೆ, ಮೈ ಸ್ವಲ್ಪ ಹೆಚ್ಚು, ಎತ್ತರ ಸಾಲದು, ಹಲ್ಲು ಮುಂದೆ, ಕೂದಲು ತೆಳು ಎಂಬ ಮಾತುಗಳು ಕೆಲವೊಮ್ಮೆ ಅವಳ ಕಿವಿಗೆ ಬೀಳುವಂತೆಯೇ ಹೊರಡುತ್ತವೆ. ರಸೆಲ್ ಮಾರುಕಟ್ಟೆಯಲ್ಲಿ ಮಾವಿನಹಣ್ಣನ್ನು ಒತ್ತಿ ನೋಡಿ ಮರಳಿ ಬುಟ್ಟಿಗೆ ಹಾಕುವವನು ಹಣ್ಣಿನ ಮನಸ್ಸನ್ನು ಕೇಳಬೇಕಾಗಿಲ್ಲ. ಆದರೆ ಇಲ್ಲಿ ಬುಟ್ಟಿಗೆ ಮರಳುವುದು ಆದಮನ ಸಂತತಿ. ಅಲ್ಲಾಹನು ಗೌರವಿಸಿದ ಸೃಷ್ಟಿ.

ಇದು ಬಡವರ ಸಮಸ್ಯೆ, ಹಣವಿದ್ದವರಿಗೆ ಇದರ ಬಾಧೆಯಿಲ್ಲ ಎಂಬ ಭಾವನೆ ಹಲವರಲ್ಲಿದೆ. ಇದು ತಪ್ಪು. ಹಲಸೂರಿನ ಓಣಿಯಲ್ಲಿ, ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿ ಬಡ ತಂದೆಯ ಮಗಳು ಯಾವ ಮಾತು ಕೇಳುತ್ತಾಳೆಯೋ ಫ್ರೇಜರ್ ಟೌನ್, ಇಂದಿರಾನಗರಗಳ ದೊಡ್ಡ ಮನೆಗಳ ಮಗಳೂ ಅದೇ ಮಾತು ಕೇಳುತ್ತಾಳೆ. ವ್ಯತ್ಯಾಸ ಇಷ್ಟೇ: ಸಿರಿವಂತರ ಮನೆಯಲ್ಲಿ ಪ್ರತಿಯೊಂದು 'ಕೊರತೆ'ಗೂ ಒಂದು ಬೆಲೆ ನಿಗದಿಯಾಗುತ್ತದೆ. ಬಣ್ಣ ಕಡಿಮೆಯಾದರೆ ಒಂದು ಕಾರು. ತೂಕ ಹೆಚ್ಚಾದರೆ ಒಂದು ಫ್ಲ್ಯಾಟು. ವಯಸ್ಸು ಇಪ್ಪತ್ತೈದು ದಾಟಿದರೆ ಅದಕ್ಕೂ ಮಿಗಿಲಾದುದು. ನಮ್ಮ ದಖನಿ ಭಾಷೆಯಲ್ಲಿ ಇದಕ್ಕೆ 'ಜೋಡೆ ಕಿ ರಖಮ್' ಎಂಬ ಸಭ್ಯ ಹೆಸರೂ ಇದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದಿತು. ಅದಕ್ಕಿಂತ ಶತಮಾನಗಳ ಮೊದಲೇ ಶರೀಅತ್ತು, ಕೊಡಬೇಕಾದವನು ವರ, ಪಡೆಯಬೇಕಾದವಳು ವಧು, ಅದರ ಹೆಸರು ಮಹರ್ ಎಂದು ವಿಧಿಸಿತ್ತು. ತಂದೆ ಹಣ ಕೊಟ್ಟು ಮಗಳ ಬಣ್ಣದ 'ದೋಷ'ವನ್ನು ಸರಿದೂಗಿಸುವಾಗ ಅವಳ ಗೌರವ ಕಾಪಾಡಿದೆನೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಅವಳ ಅವಮಾನಕ್ಕೆ ರಸೀದಿ ಬರೆದುಕೊಟ್ಟಿರುತ್ತಾನೆ. ಆ ರಸೀದಿ ಅವಳ ಜೊತೆ ಗಂಡನ ಮನೆಗೂ ಹೋಗುತ್ತದೆ.

ಭಾರತದಲ್ಲಿ ಮುಖ ಬೆಳ್ಳಗಾಗಿಸುವುದಾಗಿ ಹೇಳುವ ಪ್ರಸಿದ್ಧ ಕ್ರೀಮೊಂದು ಮಾರುಕಟ್ಟೆಗೆ ಬಂದುದು 1975ರಲ್ಲಿ. 2020ರಲ್ಲಿ ಆ ಕಂಪೆನಿಯೇ ತನ್ನ ಡಬ್ಬಿಯ ಮೇಲಿನ 'ಫೇರ್' ಎಂಬ ಪದವನ್ನು ತೆಗೆದುಹಾಕಿತು. ವ್ಯಾಪಾರಿಗೂ ಆ ಪದ ಮುಜುಗರ ತಂದಿತು. ನಮ್ಮ ಮನೆಗಳ ಬಯೋಡೇಟಾಗಳಲ್ಲಿ ಮಾತ್ರ ಅದು ಇನ್ನೂ ಮೊದಲ ಸಾಲಿನಲ್ಲೇ ಇದೆ.

ಪ್ರವಾದಿ ಗೃಹದ ಸ್ತ್ರೀಯರು

ಈ ವಿಷಯದಲ್ಲಿ ನಾವು ಚರಿತ್ರೆಯನ್ನು ಓದುವುದಾದರೆ ಮೊದಲು ಓದಬೇಕಾದುದು ಪ್ರವಾದಿವರ್ಯರ(ಸ) ಮನೆಯ ಚರಿತ್ರೆಯನ್ನು.

ಉಮ್ಮುಲ್ ಮೂಮಿನೀನ್ ಸೌದಾ(ರ) ಸ್ಥೂಲಕಾಯದವರಾಗಿದ್ದರು. ಹದೀಸ್ ಗ್ರಂಥಗಳು ಇದನ್ನು ಮರೆಮಾಚದೆ ದಾಖಲಿಸಿವೆ. ಹಜ್ಜ್‌ನ ಸಂದರ್ಭದಲ್ಲಿ ಮುಝ್ದಲಿಫಾದಿಂದ ಜನಸಂದಣಿಗೆ ಮೊದಲೇ ಹೊರಡಲು ಅವರು ಅನುಮತಿ ಕೇಳಿದರು. ದೇಹದ ಭಾರದಿಂದ ಅವರ ನಡಿಗೆ ನಿಧಾನವಾಗಿತ್ತು. ಪ್ರವಾದಿವರ್ಯರು(ಸ) ಅನುಮತಿ ಕೊಟ್ಟರು. ಅವರ ತೂಕವು ಆ ಮನೆಯಲ್ಲಿ ಪರಿಹಾಸ್ಯದ ವಸ್ತುವಾಗಲಿಲ್ಲ, ರಿಯಾಯಿತಿಗೆ ಕಾರಣವಾಯಿತು. ಮುಂದೆ ಆಯಿಶಾ(ರ) ತಾವೂ ಹಾಗೆ ಅನುಮತಿ ಕೇಳಬೇಕಿತ್ತೆಂದು ಹಂಬಲಿಸಿದರು. ಅಷ್ಟೇ ಅಲ್ಲ, ಬೇರೆ ಯಾವ ಸ್ತ್ರೀಗಿಂತಲೂ ಸೌದಾರ(ರ) ಚರ್ಮದೊಳಗೆ ತಾವಿರಬೇಕೆಂದು ಬಯಸಿದುದಾಗಿ ಅವರೇ ಹೇಳಿರುವುದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಅವರು ಬಯಸಿದ್ದು ಸೌದಾರ(ರ) ಗುಣವನ್ನು. ಆದರೆ ಆ ಬಯಕೆಗೆ ದೇಹದ ಆಕಾರ ಅಡ್ಡಬರಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಸ್ವತಃ ಆಯಿಶಾ(ರ) ತೆಳ್ಳಗಿದ್ದ ಕಾಲದಲ್ಲಿ ಒಂದು ಪ್ರಯಾಣದ ನಡುವೆ ಪ್ರವಾದಿವರ್ಯರೊಂದಿಗೆ(ಸ) ಓಟದ ಪಂದ್ಯವಾಡಿ ಗೆದ್ದರು. ವರ್ಷಗಳು ಕಳೆದು ಅವರ ಮೈ ತುಂಬಿದ ಮೇಲೆ ಮತ್ತೊಮ್ಮೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದರು. ಅಂದಿನದಕ್ಕೆ ಇಂದು ಸರಿಯಾಯಿತು ಎಂಬ ಅರ್ಥದಲ್ಲಿ ನಕ್ಕು ಹೇಳಿದರು. ಮಡದಿಯ ದೇಹ ಬದಲಾದಾಗ ಪತಿಯ ಬಾಯಿಂದ ಹೊರಟದ್ದು ವಿನೋದ. ಚುಚ್ಚುಮಾತಲ್ಲ.

ಸಫಿಯ್ಯಾ(ರ) ಕುಳ್ಳಗಿದ್ದರು. ಒಮ್ಮೆ ಆಯಿಶಾ(ರ) ಆ ಕುರಿತು ಒಂದು ಸಣ್ಣ ಸೂಚನೆಯ ಮಾತನ್ನಾಡಿದರು. ಆ ಒಂದು ಮಾತನ್ನು ಸಮುದ್ರದ ನೀರಿಗೆ ಬೆರೆಸಿದರೆ ಸಮುದ್ರವೇ ಕೆಡುವುದೆಂಬ ಆಶಯದಲ್ಲಿ ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಇದೆ. ಅತ್ಯಂತ ಪ್ರೀತಿಯ ಮಡದಿ, ಮನೆಯೊಳಗಿನ ಮಾತು, ಒಂದೇ ಒಂದು ಪದ. ಆದರೂ ವಿನಾಯಿತಿ ಸಿಗಲಿಲ್ಲ. ಸೂರಃ ಅಲ್ ಹುಜುರಾತ್‌ನ ಹನ್ನೊಂದನೆಯ ಸೂಕ್ತವು ಪರಿಹಾಸ್ಯವನ್ನು ನಿಷೇಧಿಸುವಾಗ ಪುರುಷರನ್ನು ಹೇಳಿದ ಬಳಿಕ ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ದಿವಾನಖಾನೆಯಲ್ಲಿ ಸಾಲಾಗಿ ಕುಳಿತವರು ಇದನ್ನು ಒಮ್ಮೆ ನೆನೆಯಲಿ.

ಹೆಣ್ಣು ನೋಡುವುದಕ್ಕೆ ಧರ್ಮದಲ್ಲಿ ಅನುಮತಿಯಿದೆಯಲ್ಲವೇ ಎಂದು ಕೇಳಬಹುದು. ಇದೆ. ವಿವಾಹವಾಗಲಿದ್ದ ಮುಗೀರಾ ಬಿನ್ ಶುಅ್‌ಬಾರಿಗೆ(ರ) ವಧುವನ್ನು ನೋಡಲು ಪ್ರವಾದಿವರ್ಯರು(ಸ) ಹೇಳಿದರು. ಇಬ್ಬರ ನಡುವೆ ಪ್ರೀತಿ ನೆಲೆಗೊಳ್ಳಲೆಂಬುದು ಅದರ ಉದ್ದೇಶ. ವರ ವಧುವನ್ನು ನೋಡಲಿ, ವಧು ವರನನ್ನು ನೋಡಲಿ. ಆದರೆ ಇಡೀ ಕುಟುಂಬ ನ್ಯಾಯಪೀಠವಾಗಿ ಕುಳಿತು ಅಂಗಾಂಗಗಳ ಮೇಲೆ ತೀರ್ಪು ನೀಡುವುದಕ್ಕೆ ಅದರಲ್ಲಿ ಆಧಾರವಿಲ್ಲ.

ಒಪ್ಪಿಗೆಯ ಚರಿತ್ರೆ

ದೇಹದ ಮೇಲಿನ ತೀರ್ಪಿನ ಜೊತೆಗೇ ಇನ್ನೊಂದು ಒತ್ತಡ ಬರುತ್ತದೆ: 'ಇಷ್ಟು ಮಂದಿ ಬೇಡವೆಂದ ಮೇಲೆ ಇವನಾದರೂ ಒಪ್ಪಿದನಲ್ಲ, ಹೂಂ ಅನ್ನು.' ಮೊದಲು ಅವಳ ಆತ್ಮಗೌರವವನ್ನು ಕುಗ್ಗಿಸಿ, ಬಳಿಕ ಕುಗ್ಗಿದವಳಿಂದ ಒಪ್ಪಿಗೆ ಪಡೆಯುವ ವಿಧಾನವಿದು.

ಖನ್ಸಾ ಬಿಂತ್ ಖಿದಾಮ್(ರ) ಎಂಬ ಅನ್ಸಾರಿ ಮಹಿಳೆಯನ್ನು ತಂದೆ ಅವರಿಗೆ ಇಷ್ಟವಿಲ್ಲದ ಕಡೆ ವಿವಾಹ ಮಾಡಿಕೊಟ್ಟರು. ಈ ಹಿಂದೆ ವಿವಾಹವಾಗಿದ್ದ ಆ ಮಹಿಳೆ ಪ್ರವಾದಿವರ್ಯರ(ಸ) ಬಳಿಗೆ ಬಂದರು. ಆ ವಿವಾಹ ರದ್ದಾಯಿತೆಂದು ಬುಖಾರಿಯಲ್ಲಿದೆ. ಇನ್ನೋರ್ವ ಯುವತಿ, ಸ್ವಂತ ಅಂತಸ್ತು ಹೆಚ್ಚಿಸಿಕೊಳ್ಳಲು ತಂದೆ ತನ್ನನ್ನು ಅಣ್ಣನ ಮಗನಿಗೆ ಕೊಟ್ಟಿದ್ದಾನೆಂದು ದೂರಿತ್ತಳು. ನಿರ್ಧಾರವನ್ನು ಪ್ರವಾದಿವರ್ಯರು(ಸ) ಅವಳ ಕೈಗೇ ಕೊಟ್ಟರು. ಅವಳು ಆ ವಿವಾಹವನ್ನು ಉಳಿಸಿಕೊಂಡಳು. ಆದರೆ ಈ ವಿಷಯದಲ್ಲಿ ತಂದೆಯಂದಿರಿಗೆ ಏಕಪಕ್ಷೀಯ ಅಧಿಕಾರವಿಲ್ಲವೆಂಬುದು ಸ್ತ್ರೀಯರಿಗೆ ತಿಳಿಯಲೆಂದೇ ಬಂದೆನೆಂದಳು. ನಸಾಈಯಲ್ಲಿರುವ ಈ ಘಟನೆಯಲ್ಲಿ ತಂದೆಯ ಪ್ರತಿಷ್ಠೆ ಒಂದು ಕಡೆ, ಮಗಳ ಮನಸ್ಸು ಇನ್ನೊಂದು ಕಡೆ. ಇದು ನಮ್ಮ ಸಿರಿವಂತ ಮನೆಗಳ ಇಂದಿನ ಕಥೆಯಲ್ಲವೇ?

ಬರೀರಾರದು(ರ) ಇನ್ನೂ ಹೃದಯಸ್ಪರ್ಶಿ. ಗುಲಾಮಗಿರಿಯಿಂದ ಬಿಡುಗಡೆಗೊಂಡಾಗ ಪತಿ ಮುಗೀಸ್‌ರನ್ನು(ರ) ತೊರೆಯುವ ಹಕ್ಕು ಅವರಿಗೆ ದೊರೆಯಿತು. ಮುಗೀಸ್(ರ) ಗಡ್ಡ ತೋಯುವಂತೆ ಅಳುತ್ತ ಮದೀನಾದ ಬೀದಿಗಳಲ್ಲಿ ಅವರನ್ನು ಹಿಂಬಾಲಿಸಿದರು. ಮರಳಿ ಹೋಗಬಾರದೇ ಎಂದು ಪ್ರವಾದಿವರ್ಯರು(ಸ) ಕೇಳಿದಾಗ ಇದು ಆಜ್ಞೆಯೇ ಎಂದು ಬರೀರಾ(ರ) ಪ್ರಶ್ನಿಸಿದರು. ಆಜ್ಞೆಯಲ್ಲ, ಶಿಫಾರಸು ಮಾತ್ರವೆಂದು ತಿಳಿದಾಗ ತನಗೆ ಅವನ ಅಗತ್ಯವಿಲ್ಲ ಎಂದುಬಿಟ್ಟರು. ಅಲ್ಲಾಹನ ಸಂದೇಶವಾಹಕರ(ಸ) ಶಿಫಾರಸನ್ನೇ ನಿರಾಕರಿಸುವ ಸ್ವಾತಂತ್ರ್ಯ ಒಬ್ಬ ಬಿಡುಗಡೆಗೊಂಡ ದಾಸಿಗಿತ್ತು. ಚಿಕ್ಕಮ್ಮನ ಶಿಫಾರಸನ್ನು ನಿರಾಕರಿಸುವ ಸ್ವಾತಂತ್ರ್ಯ ನಮ್ಮ ಪದವೀಧರೆ ಮಗಳಿಗಿಲ್ಲ!

ಕನ್ಯೆಯ ಮೌನವೇ ಸಮ್ಮತಿ ಎಂಬ ಹದೀಸನ್ನು ಎಲ್ಲರೂ ಬಲ್ಲರು. ಆ ಮೌನ ಲಜ್ಜೆಯ ಮೌನ, ಭಯದ ಮೌನವಲ್ಲ ಎಂಬುದನ್ನು ಕೆಲವರೇ ಬಲ್ಲರು. ಅರಮನೆ ಮೈದಾನದಲ್ಲಿ ಶಾಮಿಯಾನ ಎದ್ದು, ನೂರಾರು ಅತಿಥಿಗಳು ನೆರೆದು, ಬಿರಿಯಾನಿಯ ದೇಗುಗಳು ಇಳಿದ ಬಳಿಕ ವಕೀಲನೂ ಸಾಕ್ಷಿಗಳೂ ವಧುವಿನ ಕೋಣೆಗೆ ಹೋಗಿ ಒಪ್ಪಿಗೆ ಕೇಳುತ್ತಾರೆ. ಆ ಹೊತ್ತಿನಲ್ಲಿ ಯಾವ ಹೆಣ್ಣುಮಗಳು 'ಇಲ್ಲ' ಎನ್ನಬಲ್ಲಳು? ಒಪ್ಪಿಗೆ ಕೇಳಬೇಕಾದ ಸಮಯ ದೇಗು ಒಲೆಗೇರುವ ಮೊದಲು.

ಅವಸರವೆಂಬ ಕಾಯಿಲೆ

ವಿವಾಹ ಸುನ್ನತ್ತು. ಅದನ್ನು ಕಠಿಣಗೊಳಿಸಬಾರದು, ನಿಜ. ಆದರೆ ವಿವಾಹವಾಗದ ಹೆಣ್ಣು ಅಪೂರ್ಣಳೆಂಬ ಮಾತು ನಮ್ಮ ಚರಿತ್ರೆಯದಲ್ಲ. ಹಿಜರಿ ಐದನೆಯ ಶತಮಾನದಲ್ಲಿ ಮಕ್ಕಾದಲ್ಲಿ ನೆಲೆಸಿದ್ದ ಕರೀಮಾ ಅಲ್ ಮರ್ವಝಿಯ್ಯಾ ಸಹೀಹುಲ್ ಬುಖಾರಿಯನ್ನು ಬೋಧಿಸುತ್ತಿದ್ದ ಮಹಾವಿದುಷಿ. ಖತೀಬ್ ಅಲ್ ಬಗ್ದಾದಿಯಂಥ ವಿದ್ವಾಂಸರು ಹಜ್ಜ್‌ಗೆ ಹೋದಾಗ ಅವರ ಮುಂದೆ ಕುಳಿತು ಆ ಗ್ರಂಥವನ್ನು ಓದಿದರು. ಕರೀಮಾ ಕೊನೆಯವರೆಗೂ ವಿವಾಹವಾಗಲಿಲ್ಲ. ಅವರ ಬಣ್ಣ ಏನಿತ್ತು, ಎತ್ತರ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ. ಬುಖಾರಿಯ ಪರಂಪರೆಯಲ್ಲಿ ಅವರ ಹೆಸರು ಇಂದಿಗೂ ಇದೆ.

ನಮ್ಮ ಕನ್ನಡ ನಾಡಿನಲ್ಲಿ ಈ ನೋವನ್ನು ಬರೆದವರೂ ಇದ್ದಾರೆ. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿ 2023ರಲ್ಲಿ ನಿಧನರಾದ ಸಾರಾ ಅಬೂಬಕ್ಕರ್ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಂದೆಯ ಹಠದಿಂದ ಬಾಳು ಕಳೆದುಕೊಂಡ ನಾದಿರಾಳ ಕಥೆ ಹೇಳಿದರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆತಾಗ ಜಗತ್ತೇ ನಮ್ಮ ಮನೆಯಂಗಳದತ್ತ ತಿರುಗಿ ನೋಡಿತು. ಇವರ ಎಲ್ಲ ಮಾತುಗಳನ್ನೂ ಒಪ್ಪಬೇಕೆಂದಿಲ್ಲ. ಆದರೆ ಮಗಳ ಮೌನವನ್ನು ನಾವೇ ಆಲಿಸಿದ್ದರೆ ಅದನ್ನು ಲೋಕಕ್ಕೆ ಕೇಳಿಸುವ ಅಗತ್ಯ ಯಾರಿಗೂ ಬರುತ್ತಿರಲಿಲ್ಲ.

ಮರಳಿ ಗೋಷಾ ಆಸ್ಪತ್ರೆಯ ಕಡೆಗೆ

ಇಂದು ಹಲವು ಹುಡುಗಿಯರ ತೂಕ ಹೆಚ್ಚುವುದಕ್ಕೆ ಥೈರಾಯ್ಡ್, ಪಿಸಿಓಡಿಯಂಥ ತೊಂದರೆಗಳು ಕಾರಣವಾಗಿರುತ್ತವೆ. ಮುಟ್ಟು ಏರುಪೇರಾಗುವುದು, ಮುಖದ ಮೇಲೆ ರೋಮ ಬರುವುದು ಇವುಗಳ ಲಕ್ಷಣ. ಇವಕ್ಕೆ ಚಿಕಿತ್ಸೆಯಿದೆ. ಆದರೆ ವೈದ್ಯರ ಬಳಿ ಹೋದದ್ದು ತಿಳಿದರೆ ರಿಶ್ತಾ ಬರುವುದಿಲ್ಲವೆಂಬ ಭಯದಿಂದ ತಾಯಂದಿರು ಕಾಯಿಲೆಯನ್ನೇ ಬಚ್ಚಿಡುತ್ತಾರೆ. ಬದಲಿಗೆ ಊಟ ಬಿಡಿಸುತ್ತಾರೆ, ಯಾರೋ ಹೇಳಿದ ಪುಡಿ ಕುಡಿಸುತ್ತಾರೆ, ಸ್ಟಿರಾಯ್ಡ್ ಬೆರೆತ ಕ್ರೀಮು ಹಚ್ಚಿಸಿ ಚರ್ಮವನ್ನೇ ತೆಳುವಾಗಿಸುತ್ತಾರೆ. ನೂರು ವರ್ಷಗಳ ಹಿಂದೆ ಹೆಣ್ಣಿಗೂ ಆಸ್ಪತ್ರೆಗೂ ನಡುವೆ ಇದ್ದ ಅಡ್ಡಿ ಪರ್ದಾ ಎಂದುಕೊಂಡರೆ, ನಮ್ಮ ಹಿರಿಯರು ಪರ್ದಾಕ್ಕೆ ಧಕ್ಕೆಯಾಗದಂತೆ ಅದನ್ನು ನಿವಾರಿಸಿದರು. ಇಂದಿನ ಅಡ್ಡಿ 'ಜನ ಏನೆಂದಾರು' ಎಂಬುದು. ಇದನ್ನು ತೆಗೆಯಲು ಸೇಠರ ಸಂಪತ್ತು ಬೇಕಿಲ್ಲ, ನಾಲಗೆಯ ಮೇಲೆ ಹಿಡಿತ ಸಾಕು.

ಆದುದರಿಂದ ಹುಡುಗನ ಮನೆಯವರು ನೋಡಲು ಹೋಗುವಾಗ ಕಿರುಸಂಖ್ಯೆಯಲ್ಲಿ ಹೋಗಲಿ, ಒಪ್ಪಿಗೆಯಾಗದಿದ್ದರೆ ಕಾರಣ ಹೇಳದೆ ಸಭ್ಯವಾಗಿ ತಿಳಿಸಲಿ. ಹುಡುಗಿಯ ಮನೆಯವರು ಅವಳ ಅನಾರೋಗ್ಯವನ್ನು ದಲ್ಲಾಳಿಗಿಂತ ಮೊದಲು ವೈದ್ಯರಿಗೆ ತೋರಿಸಲಿ. ಓದುತ್ತಿರುವವಳ ಓದು ಮುಗಿಯಲು ಬಿಡಲಿ. ನಿಕಾಹ್ ನೆರವೇರಿಸುವವರು ದಿನ ನಿಗದಿಯಾಗುವ ಮೊದಲೇ ವಧುವಿನ ಮನಸ್ಸನ್ನು ವಿಚಾರಿಸುವ ಪದ್ಧತಿ ತರಲಿ. ಜುಮಾದ ಮಿಂಬರುಗಳಲ್ಲಿ ಸಫಿಯ್ಯಾರ(ರ) ಹದೀಸ್ ವರ್ಷಕ್ಕೊಮ್ಮೆಯಾದರೂ ಕೇಳಿಬರಲಿ.

ನಮ್ಮ ಹೆಣ್ಣುಮಕ್ಕಳನ್ನು ಅಲ್ಲಾಹನು ಯಾವ ರೂಪದಲ್ಲಿ ಕೊಟ್ಟನೋ ಅದೇ ರೂಪದಲ್ಲಿ ಗೌರವಿಸುವ, ಅವರ 'ಇಲ್ಲ'ವನ್ನೂ 'ಹೌದ'ನ್ನೂ ಆಲಿಸುವ ತೌಫೀಕನ್ನು ಅವನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.