ನೆರೆ, ಬಿರುಗಾಳಿ ಮತ್ತು ದ್ವಿಚಕ್ರ ವಾಹನ ವಿಮೆ: ಒಂದು ಚರಿತ್ರೆ

ಭಾರತದಲ್ಲಿ ಮೋಟಾರ್‌ಸೈಕಲ್ ವಿಮೆಯ ಚರಿತ್ರೆಯು ಎರಡು ಬೇರೆ ಬೇರೆ ಹೊಣೆಗಳ ಚರಿತ್ರೆಯಾಗಿದ್ದು, ಅವುಗಳಲ್ಲಿ ಒಂದು ಕಾನೂನಿನ ಕಡ್ಡಾಯದಿಂದ, ಇನ್ನೊಂದು ಮಾಲೀಕನ ಇಚ್ಛೆಯಿಂದ ಬೆಳೆದು ಬಂದಿದೆ. ವಾಹನದಿಂದ ಇತರರಿಗೆ ಉಂಟಾಗುವ ಸಾವು, ಗಾಯ ಮತ್ತು ಆಸ್ತಿಹಾನಿಗೆ ಪರಿಹಾರ ಕೊಡುವ, ಜನರ ಮಾತಿನಲ್ಲಿ ‘ಥರ್ಡ್ ಪಾರ್ಟಿ’ ಎಂದೇ ಹೆಸರಾದ ವಿಮೆ ಮೊದಲನೆಯದು. ವಾಹನಕ್ಕೇ ಆಗುವ ನಷ್ಟವನ್ನು ತುಂಬಿಕೊಡುವ ‘ಸ್ವಂತ ಹಾನಿ’ ವಿಮೆ ಎರಡನೆಯದು. ಇವೆರಡೂ ಕೂಡಿದ ಪಾಲಿಸಿಯನ್ನು ಜನ ‘ಫುಲ್ ಇನ್ಶೂರೆನ್ಸ್’ ಎನ್ನುತ್ತಾರೆ. ನೆರೆ, ಭೂಕುಸಿತ, ಚಂಡಮಾರುತ, ಭೂಕಂಪಗಳಿಂದ ವಾಹನಕ್ಕಾಗುವ ಹಾನಿಯು ಎರಡನೆಯ ಬಗೆಯ ವಿಮೆಗೆ ಮಾತ್ರ ಸೇರುತ್ತದೆ. ಕಾನೂನು ಈ ಗೆರೆಯನ್ನು ಎಳೆದಾಗ ಅದರ ಕಣ್ಣ ಮುಂದಿದ್ದುದು ರಸ್ತೆಯಲ್ಲಿ ಗಾಯಗೊಂಡ ಪಾದಚಾರಿ. ವಾಹನವನ್ನು ನೀರಿಗೆ ಕಳೆದುಕೊಂಡ ಮಾಲೀಕನ ಚಿತ್ರ ಅಂದಿನ ಶಾಸನಕಾರರ ಕಲ್ಪನೆಗೆ ಬರಲು ಕಾರಣವೇ ಇರಲಿಲ್ಲ. ಆ ಗೆರೆಯ ಪರಿಣಾಮವನ್ನು ಮಾತ್ರ ಇಂದಿನ ಲಕ್ಷಾಂತರ ಸವಾರರು ಅನುಭವಿಸುತ್ತಿದ್ದಾರೆ.

ಬ್ರಿಟನ್ನಿನಲ್ಲಿ 1930ರ ರಸ್ತೆ ಸಂಚಾರ ಕಾಯಿದೆಯು ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯಗೊಳಿಸಿತು. ಅದೇ ಮಾದರಿಯಲ್ಲಿ ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯಿದೆಯು ತನ್ನ ಎಂಟನೆಯ ಅಧ್ಯಾಯದಲ್ಲಿ ಈ ಕಡ್ಡಾಯವನ್ನು ಸೇರಿಸಿಕೊಂಡಿತು; ಕಾಯಿದೆಯ ಉಳಿದ ಭಾಗ 1939ರಲ್ಲೇ ಜಾರಿಯಾಗಿದ್ದರೂ, ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. 1988ರ ಹೊಸ ಕಾಯಿದೆಯೂ ತನ್ನ 146ನೆಯ ಕಲಮಿನಲ್ಲಿ ಅದೇ ಕಡ್ಡಾಯವನ್ನು ಮುಂದುವರಿಸಿತು; 2019ರ ತಿದ್ದುಪಡಿಯು ವಿಮೆಯಿಲ್ಲದೆ ವಾಹನ ಓಡಿಸುವುದಕ್ಕೆ ಮೊದಲ ಬಾರಿಗೆ 2,000 ರೂಪಾಯಿ ಹಾಗೂ ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ ನಿಗದಿಪಡಿಸಿತು. ಸ್ವಂತ ಹಾನಿಯ ವಿಮೆಯನ್ನು ಇವುಗಳಲ್ಲಿ ಯಾವ ಶಾಸನವೂ ಕಡ್ಡಾಯ ಮಾಡಲಿಲ್ಲವಾದ್ದರಿಂದ, ಪೊಲೀಸರು ತಡೆದಾಗ ತೋರಿಸಬೇಕಾದ ಕಾಗದವೇ ವಿಮೆಯೆಂಬ ತಿಳಿವಳಿಕೆ ಸಾಮಾನ್ಯ ಸವಾರರಲ್ಲಿ ಬೇರೂರಿತು.

ಸ್ವಾತಂತ್ರ್ಯದ ಮೊದಲ ದಶಕಗಳಲ್ಲಿ ಸ್ವಂತ ಹಾನಿಯ ರಕ್ಷಣೆಯ ಈ ಕೊರತೆ ಎದ್ದು ಕಾಣದಿರಲು ಎರಡು ಕಾರಣಗಳಿದ್ದವು. ಮೋಟಾರ್‌ಸೈಕಲ್ ಆಗ ಉಳ್ಳವರ ಮತ್ತು ಸರ್ಕಾರಿ ಇಲಾಖೆಗಳ ವಾಹನವಾಗಿತ್ತು. ಮದ್ರಾಸಿನಲ್ಲಿ ಎನ್‌ಫೀಲ್ಡ್ ಕಂಪನಿ 1955ರಲ್ಲಿ ಆರಂಭವಾಗಿ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉದ್ಘಾಟನೆಗೊಂಡ ಮೇಲೂ ಅದು ಎಲ್ಲರ ಮನೆಯಂಗಳಕ್ಕೆ ಬರಲು ಕಾಲ ಹಿಡಿಯಿತು. ಎರಡನೆಯದಾಗಿ, ಅಂದಿನ ಯಂತ್ರ ಸರಳವಾಗಿತ್ತು. ಜಾವಾದಂತಹ ಟೂ ಸ್ಟ್ರೋಕ್ ಗಾಡಿ ಮಳೆನೀರಿನಲ್ಲಿ ನಿಂತುಹೋದರೆ ಪ್ಲಗ್ ಬಿಚ್ಚಿ, ಕಿಕ್ಕರ್ ತುಳಿದು ಸಿಲಿಂಡರಿನ ನೀರನ್ನು ಹೊರಹಾಕಿ, ಕಾರ್ಬ್ಯುರೇಟರ್ ತೊಳೆದು, ಪಾಯಿಂಟುಗಳನ್ನು ಒಣಗಿಸಿದರೆ ಅದು ಮತ್ತೆ ಚಾಲೂ ಆಗುವ ಸಂಭವ ಹೆಚ್ಚಾಗಿತ್ತು. ಊರಿನ ಗ್ಯಾರೇಜುಗಳಲ್ಲಿ ಕೈಯಿಂದ ಕೈಗೆ ದಾಟಿಬಂದ ಈ ವಿದ್ಯೆಯೇ ಹಲವರಿಗೆ ವಿಮೆಯ ಜಾಗವನ್ನು ತುಂಬಿತ್ತು.

ಇದೇ ಅವಧಿಯಲ್ಲಿ ವಿಮಾ ವ್ಯವಹಾರದ ಸ್ವರೂಪವೂ ಬದಲಾಯಿತು. ವಿಮಾ ಕಾಯಿದೆಗೆ 1968ರಲ್ಲಿ ಆದ ತಿದ್ದುಪಡಿಯು ಸುಂಕ ಸಲಹಾ ಸಮಿತಿಗೆ ದಾರಿ ಮಾಡಿತು; ಯಾವ ವಾಹನಕ್ಕೆ ಎಷ್ಟು ಕಂತು, ಪಾಲಿಸಿಯಲ್ಲಿ ಯಾವ ಮಾತುಗಳಿರಬೇಕು ಎಂಬುದನ್ನು ದೇಶಕ್ಕೆಲ್ಲ ಒಂದೇ ತೆರನಾಗಿ ನಿಗದಿಪಡಿಸುವುದು ಅದರ ಕೆಲಸವಾಗಿತ್ತು. 1973ರ ಜನವರಿ 1ರಿಂದ ಜಾರಿಗೆ ಬಂದ ರಾಷ್ಟ್ರೀಕರಣದಲ್ಲಿ 107 ವಿಮಾದಾರರು ವಿಲೀನಗೊಂಡು ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್ ಮತ್ತು ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಾದವು. ಇಂತಹ ಏಕರೂಪದ ವ್ಯವಸ್ಥೆಯ ಕೊನೆಯ ದೊಡ್ಡ ದಾಖಲೆಯೆಂದರೆ 2002ರ ಜುಲೈ 1ರಂದು ಜಾರಿಯಾದ ಇಂಡಿಯಾ ಮೋಟಾರ್ ಟ್ಯಾರಿಫ್. ಬೆಂಕಿ, ಸಿಡಿಲು, ಕಳವು, ಗಲಭೆ, ಅಪಘಾತಗಳ ಜೊತೆಗೆ ಭೂಕಂಪ, ನೆರೆ, ಚಂಡಮಾರುತ, ಬಿರುಗಾಳಿ, ಜಲಾವೃತಿ, ಆಲಿಕಲ್ಲು ಮಳೆ, ಹಿಮ, ಭೂಕುಸಿತ, ಬಂಡೆಕುಸಿತಗಳನ್ನು ಅದು ಸ್ವಂತ ಹಾನಿ ಪಾಲಿಸಿಯ ಒಳಗೇ ಹೆಸರಿಸಿ ಸೇರಿಸಿತು. ಹೀಗಾಗಿ ಆ ಪಾಲಿಸಿಯುಳ್ಳ ಸವಾರನಿಗೆ ಪ್ರಕೃತಿ ವಿಕೋಪದ ರಕ್ಷಣೆ ಬೇರೆ ಕಂತಿಲ್ಲದೆಯೇ ದೊರೆಯುವಂತಾಯಿತು.

ಈ ಟ್ಯಾರಿಫಿನ ಲೆಕ್ಕಾಚಾರವು ಇಂದಿನ ಪಾಲಿಸಿಗಳಿಗೂ ತಳಹದಿಯಾಗಿರುವುದರಿಂದ ಅದನ್ನು ತುಸು ವಿವರವಾಗಿ ನೋಡಬೇಕಾಗುತ್ತದೆ. ವಾಹನ ಪೂರ್ತಿ ನಾಶವಾದಾಗ ಕಂಪನಿ ಕೊಡಬೇಕಾದ ಗರಿಷ್ಠ ಮೊತ್ತಕ್ಕೆ ‘ಘೋಷಿತ ಮೌಲ್ಯ’ ಎಂದು ಹೆಸರು. ವ್ಯವಹಾರದಲ್ಲಿ ಇದು ಐಡಿವಿ ಎಂದೇ ಪರಿಚಿತ. ತಯಾರಕರ ಮಾರಾಟ ಬೆಲೆಯಲ್ಲಿ ವಾಹನದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು ಇದನ್ನು ನಿಗದಿ ಮಾಡುತ್ತಾರೆ. ಎರಡು ವರ್ಷ ದಾಟಿ ಮೂರು ವರ್ಷದೊಳಗಿರುವ ವಾಹನಕ್ಕೆ ಸವಕಳಿ ಶೇ. 30 ಆಗಿರುವುದರಿಂದ, 80,000 ರೂಪಾಯಿ ಬೆಲೆಯ ಮೋಟಾರ್‌ಸೈಕಲ್ಲಿನ ಘೋಷಿತ ಮೌಲ್ಯ 56,000 ರೂಪಾಯಿ ಆಗುತ್ತದೆ. ಅದನ್ನು ನೀರಿನಿಂದ ಎತ್ತಿ ತಂದು ದುರಸ್ತಿ ಮಾಡುವ ಖರ್ಚು ಆ ಮೌಲ್ಯದ ಶೇ. 75ನ್ನು, ಅಂದರೆ 42,000 ರೂಪಾಯಿಗಳನ್ನು ಮೀರಿದರೆ, ವಾಹನ ಪೂರ್ತಿ ನಷ್ಟವಾಯಿತೆಂದೇ ಪರಿಗಣಿಸಬೇಕು. ದುರಸ್ತಿ ಸಾಧ್ಯವಾದಾಗಲೂ ರಬ್ಬರ್, ಪ್ಲಾಸ್ಟಿಕ್, ಟಯರು ಮತ್ತು ಬ್ಯಾಟರಿಗಳ ಬೆಲೆಯಲ್ಲಿ ಅರ್ಧವನ್ನು ಮಾಲೀಕನೇ ಭರಿಸಬೇಕಾಗುತ್ತದೆ. ಇನ್ನು ಕಂತಿನ ವಿಷಯಕ್ಕೆ ಬಂದರೆ, ಟ್ಯಾರಿಫು ದ್ವಿಚಕ್ರ ವಾಹನಗಳಿಗಾಗಿ ದೇಶವನ್ನು ಎರಡೇ ವಲಯಗಳಾಗಿ ವಿಂಗಡಿಸಿ, ಬೆಂಗಳೂರು, ಮುಂಬೈ, ಚೆನ್ನೈ ಸೇರಿ ಎಂಟು ಮಹಾನಗರಗಳನ್ನು ಒಂದರಲ್ಲಿಯೂ ಉಳಿದೆಲ್ಲ ಊರುಗಳನ್ನು ಇನ್ನೊಂದರಲ್ಲಿಯೂ ಇರಿಸಿತ್ತು. ಕೃಷ್ಣಾ ತೀರದ ಹಳ್ಳಿಯೂ ಕೊಡಗಿನ ಬೆಟ್ಟದಂಚಿನ ಊರೂ ನೆರೆಯ ಭಯವಿಲ್ಲದ ಬಯಲುಸೀಮೆಯ ಊರೂ ಆ ಲೆಕ್ಕದಲ್ಲಿ ಒಂದೇ ಆಗಿದ್ದವು. ವಿಕೋಪಕ್ಕೆ ಈಡಾಗುವ ಊರುಗಳ ಸವಾರರ ಮೇಲೆ ಹೆಚ್ಚಿನ ಕಂತಿನ ಹೊರೆ ಬೀಳದಂತೆ ನೋಡಿಕೊಂಡದ್ದು ಆ ಹಳೆಯ ವ್ಯವಸ್ಥೆಯ ದೊಡ್ಡ ಗುಣವೆನ್ನಬೇಕು.

2007ರ ಜನವರಿ 1ರಿಂದ ಸ್ವಂತ ಹಾನಿ ವಿಮೆಯ ದರಗಳು ಟ್ಯಾರಿಫಿನ ಹಿಡಿತದಿಂದ ಹೊರಬಂದವು. ಅದಕ್ಕೂ ಮುನ್ನ 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ನಗರದಲ್ಲಿ ನಿಂತಿದ್ದ ವಾಹನಗಳಿಗೂ ನೆರೆ ಎಂತಹ ಅಪಾಯವೆಂಬುದು ವಿಮಾ ಕಂಪನಿಗಳಿಗೆ ಮನವರಿಕೆಯಾಗಿತ್ತು. ಆಗ ಎದ್ದ ಮುಖ್ಯ ತಕರಾರು ಎಂಜಿನ್ನಿನದು. ನೀರಿನಲ್ಲಿ ಮುಳುಗಿದ ಗಾಡಿಯನ್ನು ಹಾಗೆಯೇ ಚಾಲೂ ಮಾಡಿದರೆ ಏರ್ ಫಿಲ್ಟರಿನ ಮೂಲಕ ನೀರು ಸಿಲಿಂಡರಿಗೆ ನುಗ್ಗುತ್ತದೆ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲು ಬಾರದ್ದರಿಂದ ಪಿಸ್ಟನ್ ತಡೆದು ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈ ಹಾನಿ ನೆರೆಯಿಂದ ನೇರವಾಗಿ ಆದದ್ದಲ್ಲ, ಸವಾರನು ಎಂಜಿನ್ ಚಾಲೂ ಮಾಡಿದ್ದರಿಂದ ಆದದ್ದು ಎಂಬ ನೆಲೆಯಲ್ಲಿ ಕಂಪನಿಗಳು ಅದನ್ನು ‘ಪರಿಣಾಮಜನ್ಯ ನಷ್ಟ’ವೆಂದು ಕರೆದು ನಿರಾಕರಿಸತೊಡಗಿದವು. ಹೆಚ್ಚಿನ ಕಂತು ಪಡೆದು ಅದನ್ನು ತುಂಬಿಕೊಡುವ ‘ಎಂಜಿನ್ ರಕ್ಷಣೆ’ ಎಂಬ ಪೂರಕ ವಿಮೆ ಆನಂತರದ ವರ್ಷಗಳಲ್ಲಿ ಬಳಕೆಗೆ ಬಂತು. ಮುಳುಗಿದ ಗಾಡಿಯನ್ನು ಚಾಲೂ ಮಾಡದೆ, ಇದ್ದ ಸ್ಥಿತಿಯಲ್ಲೇ ಚಿತ್ರ ತೆಗೆದು, ಕಂಪನಿಗೆ ತಿಳಿಸಿ, ನಷ್ಟವನ್ನು ಅಂದಾಜು ಮಾಡುವ ಸರ್ವೇಯರ್ ಬರುವವರೆಗೆ ಕಾಯಬೇಕೆಂಬ ಸಲಹೆಗೆ ಈ ಅನುಭವ ಬಲ ಕೊಟ್ಟಿತು.

ಮುಂದಿನ ತಿರುವು ಬಂದದ್ದು ಕಾನೂನು ಮತ್ತು ಯಂತ್ರ ಎರಡೂ ಕಡೆಯಿಂದ. ರಸ್ತೆ ಸುರಕ್ಷತೆಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಅಪಘಾತಕ್ಕೀಡಾದವರ ಹಿತಕ್ಕೆ ಇದು ಅಗತ್ಯವಾಗಿದ್ದ ಕ್ರಮ. ಆದರೆ ಸ್ವಂತ ಹಾನಿಯ ಭಾಗ ಹೆಚ್ಚಾಗಿ ಒಂದೇ ವರ್ಷಕ್ಕೆ ಇರುತ್ತಿದ್ದುದರಿಂದ, ಎರಡನೆಯ ವರ್ಷದಿಂದ ನವೀಕರಿಸದ ಮಾಲೀಕನ ಕೈಯಲ್ಲಿ ಚಾಲ್ತಿಯಲ್ಲಿರುವ ಪಾಲಿಸಿ ಇದ್ದರೂ ನೆರೆಗೆ ರಕ್ಷಣೆ ಇಲ್ಲದ ಸ್ಥಿತಿ ಉಂಟಾಯಿತು. 2019ರ ಸೆಪ್ಟೆಂಬರಿನಿಂದ ಸ್ವಂತ ಹಾನಿ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಲು ಅವಕಾಶವಾದರೂ, ಹಾಗೆ ಕೊಳ್ಳಬೇಕೆಂಬ ಅರಿವು ಅವಕಾಶದಷ್ಟು ಬೇಗ ಹರಡಲಿಲ್ಲ. 2020ರ ಏಪ್ರಿಲ್ 1ರಂದು ಬಿಎಸ್ 6 ಮಾಲಿನ್ಯ ಮಾನದಂಡ ಜಾರಿಯಾದಾಗ ಬಹುತೇಕ ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಸಂವೇದಕಗಳೂ ವಿದ್ಯುನ್ಮಾನ ನಿಯಂತ್ರಣ ಘಟಕವೂ ಇರುವ ಇಂಧನ ಚಿಮ್ಮುವ ವ್ಯವಸ್ಥೆ ಬಂದು, ನೀರು ಹೊಕ್ಕ ಗಾಡಿಯ ದುರಸ್ತಿ ಊರಿನ ಗ್ಯಾರೇಜಿನ ಕೈಮೀರತೊಡಗಿತು. ರಕ್ಷಣೆಯ ಅಗತ್ಯ ಹೆಚ್ಚಿದ ಹೊತ್ತಿನಲ್ಲೇ ರಕ್ಷಣೆ ಕೈತಪ್ಪುವ ದಾರಿಯೂ ತೆರೆದುಕೊಂಡದ್ದು ಈ ಚರಿತ್ರೆಯ ಅತ್ಯಂತ ನೋವಿನ ಘಟ್ಟವಾಗಿದೆ.

ಕರ್ನಾಟಕದ ಮಟ್ಟಿಗೆ ಈ ಘಟ್ಟವು ವಿಕೋಪಗಳ ಸಾಲಿನೊಡನೆಯೇ ಬಂತು. 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತ, 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳ ನೆರೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಮತ್ತು ಹೊರವರ್ತುಲ ರಸ್ತೆಯ ಸುತ್ತಣ ಬಡಾವಣೆಗಳ ಮುಳುಗಡೆ ಇವುಗಳಲ್ಲಿ ಮುಖ್ಯವಾದವು. ಇಂತಹ ಹೊತ್ತಿನಲ್ಲಿ ಸರ್ಕಾರ ಕೊಡುವ ನೆರವು ವಿಪತ್ತು ಪರಿಹಾರ ನಿಧಿಯ ಮಾನದಂಡಗಳಿಗೆ ಒಳಪಟ್ಟಿದ್ದು, ಅವುಗಳಲ್ಲಿ ಮನೆ, ಬೆಳೆ, ಜಾನುವಾರು, ಮೀನುಗಾರರ ದೋಣಿ ಮತ್ತು ಬಲೆ, ಕುಶಲಕರ್ಮಿಗಳ ಉಪಕರಣ ಇವೆಲ್ಲಕ್ಕೂ ಸ್ಥಾನವಿದೆ, ಮೋಟಾರ್‌ಸೈಕಲ್ಲಿಗೆ ಇಲ್ಲ. ಹಾಲು ಹಾಕುವವರು, ತರಕಾರಿ ಮಾರುವವರು, ಮನೆಮನೆಗೆ ಊಟ ತಲುಪಿಸುವವರು ದುಡಿಯುವುದೇ ಆ ಗಾಡಿಯ ಮೇಲೆ ಆಗಿರುವಾಗ, ಅದನ್ನು ದೋಣಿ ಮತ್ತು ಮಗ್ಗಗಳ ಸಾಲಿನಲ್ಲಿ ದುಡಿಮೆಯ ಸಾಧನವೆಂದು ಕಾಣಲು ಮಾನದಂಡಗಳು ಹಿಂಜರಿಯಬೇಕಾದ ಕಾರಣವಿಲ್ಲ. ಥರ್ಡ್ ಪಾರ್ಟಿ ಪಾಲಿಸಿಯ ಜೊತೆಗೆ ಪ್ರಕೃತಿ ವಿಕೋಪಕ್ಕಷ್ಟೇ ಸೀಮಿತವಾದ, ಕಡಿಮೆ ಕಂತಿನ ರಕ್ಷಣೆಯೊಂದನ್ನು ಐದೂ ವರ್ಷಗಳಿಗೆ ಜೋಡಿಸುವುದು, ಅದರ ದರವನ್ನು ಹಳೆಯ ಟ್ಯಾರಿಫಿನಂತೆ ಎಲ್ಲ ಊರುಗಳಿಗೂ ಸಮನಾಗಿ ಹಂಚುವುದು ಕಾನೂನಿಗೂ ವಿಮಾ ಶಾಸ್ತ್ರಕ್ಕೂ ಹೊರತಾದ ಮಾತಲ್ಲ. ರಸ್ತೆಯಲ್ಲಿ ಗಾಯಗೊಂಡ ಅಪರಿಚಿತನ ಹೊಣೆಯನ್ನು ಸಮಾಜವು 1946ರಲ್ಲಿ ಕಾನೂನಿನ ಮೂಲಕ ಹೊತ್ತುಕೊಂಡಿತು. ನೆರೆಯಲ್ಲಿ ದುಡಿಮೆಯ ಗಾಡಿಯನ್ನು ಕಳೆದುಕೊಂಡವನ ಹೊಣೆಯನ್ನೂ ಅದೇ ಬಗೆಯಲ್ಲಿ ಹೊರುವುದು ಈ ಚರಿತ್ರೆ ಇನ್ನೂ ಇಡಬೇಕಾಗಿರುವ ಹೆಜ್ಜೆಯಾಗಿದೆ.