ಡಿಸ್ಕ್ ಯಾರದ್ದು? 2013ರ ಜೂನ್‌ನ ಎರಡು ವಾರ

1/6

ಮೊನ್ನೆ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ, ನೆನಪಿದ್ಯಾ? ಮುಂದಿನ ಪ್ಲೇಸ್ಟೇಷನ್ನೋ ಎಕ್ಸ್‌ಬಾಕ್ಸೋ ಬಂದಾಗ ಅದರಲ್ಲಿ ಏನಿರಬೇಕು ಅಂತ. ಗ್ರಾಫಿಕ್ಸ್ ಬೆಂಕಿ ಇರ್ಬೇಕು ಅಂದ್ರಿ, ಲೋಡಿಂಗ್ ಇರ್ಲೇಬಾರ್ದು ಅಂದ್ರಿ, ಫ್ಯಾನು ಮಿಕ್ಸಿ ಥರ ಸದ್ದು ಮಾಡಬಾರ್ದು ಅಂದ್ರಿ. ರೇಟ್ ಕಮ್ಮಿ ಇರ್ಬೇಕು ಅಂತೂ ಎಲ್ಲರೂ ಅಂದ್ರಿ. ನಮ್ಮ ಕ್ಲಾಸಿನ ಒಬ್ಬ ಮಾತ್ರ ಬರೆದಿದ್ದು ಇಷ್ಟು: "ಮಗಾ, ನನ್ನ ಹಳೇ ಡಿಸ್ಕ್ ಓಡಿದ್ರೆ ಸಾಕು."

ಅವನ ಉತ್ತರ ನೋಡಿ ನಂಗೆ ಈ ಸೀರೀಸ್ ಬರೆಯೋಣ ಅನ್ನಿಸ್ತು. ಯಾಕಂದ್ರೆ ಇದೇ ಡಿಸ್ಕಿನ ವಿಷಯಕ್ಕೆ 2013ರಲ್ಲಿ ಒಂದು ದೊಡ್ಡ ಜಗಳ ಆಯ್ತು. ಎರಡೇ ವಾರ. ಆ ಎರಡು ವಾರದಲ್ಲಿ ಜಗತ್ತಿನ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ತನ್ನ ಪ್ಲಾನನ್ನೇ ವಾಪಸ್ ತಗೋಬೇಕಾಯ್ತು. ಆಗ ನಂಗೆ ಎಂಟು ವರ್ಷ, ಕ್ಯಾಂಡಿ ಕ್ರಷ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಹಳೇ ವಿಡಿಯೋಗಳನ್ನ ಕೂತು ನೋಡಿ ತಿಳ್ಕೊಂಡಿದ್ದು ಇದು.

ಗೇಮ್ ಆಡದೇ ಇರೋರಿಗೆ ಒಂದು ಮಾತು: ಕನ್ಸೋಲ್ ಅಂದ್ರೆ ಟಿವಿಗೆ ಸಿಕ್ಕಿಸಿ ಆಡೋ ಪೆಟ್ಟಿಗೆ. ಕೆಲವು ವರ್ಷಕ್ಕೊಮ್ಮೆ ಹೊಸ ತಲೆಮಾರು ಬರುತ್ತೆ. ಪ್ರತಿ ಸಲ ಬರೋವಾಗಲೂ ಆಡೋರು ಕನಸು ಕಟ್ತಾರೆ, ಕಂಪನಿಯೋರೂ ಕನಸು ಕಟ್ತಾರೆ. ಎರಡೂ ಒಂದೇ ಕನಸು ಆಗಿರಬೇಕು ಅಂತೇನಿಲ್ಲ.

2/6

ಸ್ವಲ್ಪ ಹಿಂದಕ್ಕೆ ಹೋಗೋಣ. ಸೋನಿಯ ಪಿಎಸ್2 ಜಪಾನಿನಲ್ಲಿ ಬಂದಿದ್ದು 2000ದ ಮಾರ್ಚ್‌ನಲ್ಲಿ. ಡಿವಿಡಿ ಸಿನಿಮಾ ಓಡ್ತಿತ್ತು, ಹಳೇ ಪ್ಲೇಸ್ಟೇಷನ್ನಿನ ಡಿಸ್ಕ್ ಹಾಕಿದ್ರೆ ಅದೂ ಓಡ್ತಿತ್ತು. 15 ಕೋಟಿಗಿಂತ ಜಾಸ್ತಿ ಮಾರಾಟ ಆಯ್ತು. ಇವತ್ತಿಗೂ ಅಷ್ಟು ಮಾರಿದ ಇನ್ನೊಂದು ಪ್ಲೇಸ್ಟೇಷನ್ ಇಲ್ಲ.

ಆಮೇಲೆ 2006ರಲ್ಲಿ ಪಿಎಸ್3. ಅಮೆರಿಕದಲ್ಲಿ 499 ಮತ್ತು 599 ಡಾಲರ್. ಆ ಕಾಲಕ್ಕೆ ಜನ ಬೆಚ್ಚಿಬಿದ್ದ ರೇಟು ಅದು. ಮೊದಲಿನ ಮಾಡೆಲ್‌ಗಳ ಒಳಗೆ ಪಿಎಸ್2ನ ಚಿಪ್ಪನ್ನೇ ಕೂರಿಸಿದ್ರು, ಹಾಗಾಗಿ ಹಳೇ ಡಿಸ್ಕ್ ಓಡ್ತಿತ್ತು. ಖರ್ಚು ಇಳಿಸೋಕೆ ಅಂತ ಮುಂದಿನ ಮಾಡೆಲ್‌ಗಳಲ್ಲಿ ಅದನ್ನ ತೆಗೆದುಹಾಕಿದ್ರು. ಅಲ್ಲಿಗೆ ಪಿಎಸ್2 ಡಿಸ್ಕ್‌ಗಳು ಶೋಕೇಸ್ ಸೇರಿದವು.

ಅಂದ್ರೆ 2013ರ ಹೊತ್ತಿಗೆ ಆಡೋರಿಗೆ ಹಳೇ ಡಿಸ್ಕ್ ಓಡುತ್ತೆ ಅನ್ನೋ ಭರವಸೆ ಹೋಗಿತ್ತು. ಆ ವರ್ಷ ಬಂದ ಎರಡು ಹೊಸ ಪೆಟ್ಟಿಗೆಗಳಲ್ಲಿ ಯಾವುದೂ ಹಿಂದಿನ ತಲೆಮಾರಿನ ಡಿಸ್ಕ್ ಓಡಿಸ್ತಿರಲಿಲ್ಲ. ಜನ ಗೊಣಗಿದ್ರು, ಆದ್ರೂ ಒಪ್ಕೊಂಡ್ರು. ಹೊಸ ಡಿಸ್ಕ್ ಆದ್ರೂ ನಮ್ಮದು ತಾನೇ, ಆಡಿ ಮುಗಿಸಿ ಗೆಳೆಯನಿಗೆ ಕೊಡಬಹುದು, ಬೇಕಾದ್ರೆ ಮಾರಬಹುದು ಅಂತ.

3/6

2013ರ ಮೇ 21. ಅಮೆರಿಕದ ರೆಡ್ಮಂಡ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ತೋರಿಸ್ತು. ಆ ವಿಡಿಯೋ ಈಗಲೂ ಸಿಗುತ್ತೆ, ನೋಡಿ. ಶುರುವಿನಿಂದಲೇ ಟಿವಿ, ಟಿವಿ, ಟಿವಿ. ಮಾತಾಡಿದ್ರೆ ಚಾನೆಲ್ ಬದಲಾಗುತ್ತೆ, ಫುಟ್‌ಬಾಲ್ ಲೀಗ್ ಜೊತೆ ಒಪ್ಪಂದ ಆಗಿದೆ, ಹೇಲೋ ಗೇಮಿನ ಮೇಲೆ ಧಾರಾವಾಹಿ ಬರುತ್ತೆ. ಗೇಮ್ ಆಡೋರು "ಗೇಮ್ ಎಲ್ಲಪ್ಪಾ?" ಅಂತ ಹುಡುಕ್ತಿದ್ರು. ಮದುವೆ ಮನೆಗೆ ಕರೆದು ಆಲ್ಬಮ್ ತೋರಿಸಿ ಕಳಿಸಿದ ಹಾಗೆ.

ನಿಜವಾದ ಹೊಡೆತ ಬಿದ್ದಿದ್ದು ಜೂನ್ 6ಕ್ಕೆ. ಅವತ್ತು ಕಂಪನಿ ನಿಯಮಗಳನ್ನ ಬರೆದು ಹಾಕ್ತು. ಪೆಟ್ಟಿಗೆ 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಹೋಗಿ ಹಾಜರಿ ಹಾಕಬೇಕು. ಹಾಕದಿದ್ರೆ ಗೇಮ್ ಓಡಲ್ಲ, ಒಬ್ಬರೇ ಕೂತು ಆಡೋ ಗೇಮ್ ಆದ್ರೂ ಅಷ್ಟೇ. ನಿಮ್ಮ ಡಿಸ್ಕನ್ನ ಗೆಳೆಯನಿಗೆ ಕೊಡಬೇಕಾ? ಅವನು ನಿಮ್ಮ ಫ್ರೆಂಡ್ ಲಿಸ್ಟಿನಲ್ಲಿ ಕನಿಷ್ಠ 30 ದಿನದಿಂದ ಇರಬೇಕು, ಮತ್ತು ಒಂದು ಗೇಮನ್ನ ಒಂದೇ ಸಲ ಕೊಡಬಹುದು. ಅವನು ಇನ್ನೊಬ್ಬನಿಗೆ ದಾಟಿಸೋ ಹಾಗಿಲ್ಲ. ಸೆಕೆಂಡ್ ಹ್ಯಾಂಡ್ ಮಾರೋಕೆ ಬಿಡಬೇಕಾ ಬೇಡವಾ ಅನ್ನೋದನ್ನ ಗೇಮ್ ಪ್ರಕಟಿಸೋ ಕಂಪನಿ ನಿರ್ಧರಿಸುತ್ತೆ.

ನಾವು ಬಿಕಾಂನೋರು ಇದನ್ನ ಬೇರೆ ಥರ ಓದ್ಬೇಕು. ಬಿಸಿನೆಸ್ ಲಾದಲ್ಲಿ ಸರಕು ಮಾರಾಟ ಕಾಯ್ದೆ 1930 ಓದಿದ್ವಲ್ಲ, ಮಾರಾಟ ಆಯ್ತು ಅಂದ್ರೆ ಒಡೆತನ ಕೈ ಬದಲಾಯ್ತು ಅಂತ. ನಾನು ದುಡ್ಡು ಕೊಟ್ಟು ತಂದ ಪೆನ್ನನ್ನ ಯಾರಿಗೆ ಕೊಡ್ಬೇಕು ಅಂತ ಪೆನ್ ಕಂಪನಿ ಕೇಳಲ್ಲ. ಇಲ್ಲಿ ಡಿಸ್ಕ್ ನಿಮ್ಮ ಕೈಗೆ ಬರುತ್ತೆ, ಆದ್ರೆ ನೀವು ಕೊಂಡಿರೋದು ಆಡೋ ಪರವಾನಗಿ ಮಾತ್ರ. ಮಾರಾಟದ ವೇಷ ಹಾಕಿದ ಬಾಡಿಗೆ ಅಂತ ನಾನು ಕರೀತೀನಿ. ನಮ್ಮ ಮೇಡಂ ಈ ಪದಕ್ಕೆ ಮಾರ್ಕ್ಸ್ ಕೊಡಲ್ಲ, ಇರ್ಲಿ.

ಕಂಪನಿಯವರ ಕಡೆಯಿಂದಲೂ ನೋಡೋಣ. ಗೇಮ್ ಮಾಡೋಕೆ ಕೋಟಿಗಟ್ಟಲೆ ಖರ್ಚು. ಮೊದಲ ಸಲ ಮಾರಿದಾಗ ದುಡ್ಡು ಬರುತ್ತೆ, ಅದೇ ಡಿಸ್ಕ್ ಹತ್ತು ಕೈ ದಾಟಿದ್ರೂ ಮತ್ತೆ ನಯಾಪೈಸೆ ಬರಲ್ಲ. ಆ ಲಾಭ ಎಲ್ಲ ಸೆಕೆಂಡ್ ಹ್ಯಾಂಡ್ ಅಂಗಡಿಗೆ. ಕನ್ಸೋಲ್ ಪೆಟ್ಟಿಗೆಯಲ್ಲೂ ದೊಡ್ಡ ಲಾಭ ಇರಲ್ಲ, ಪಿಎಸ್3ನಂಥದ್ದನ್ನ ಶುರುವಲ್ಲಿ ನಷ್ಟಕ್ಕೇ ಮಾರಿದ್ರು. ಸಂಪಾದನೆ ಬರೋದು ಮಾರಾಟ ಆಗೋ ಒಂದೊಂದು ಗೇಮಿನ ಪಾಲಿನಿಂದ. ಲೆಕ್ಕ ಅರ್ಥ ಆಗುತ್ತೆ. ಆದ್ರೆ ಆ ಲೆಕ್ಕ ಸರಿಮಾಡೋಕೆ ನನ್ನ ಮನೆ ಕಪಾಟಿಗೆ ಕೈ ಹಾಕಿದ್ರೆ ಒಪ್ಪೋದು ಹೇಗೆ?

4/6

ಜೂನ್ 10, ಲಾಸ್ ಏಂಜಲೀಸ್. ಇ3 ಅನ್ನೋ ಆಟಗಳ ಮಹಾ ಜಾತ್ರೆ. ಬೆಳಿಗ್ಗೆ ಮೈಕ್ರೋಸಾಫ್ಟ್ ಸರದಿ, ರೇಟ್ ಹೇಳ್ತು: 499 ಡಾಲರ್, ಜೊತೆಗೆ ಕೈನೆಕ್ಟ್ ಕ್ಯಾಮೆರಾ. ಬೇಕೋ ಬೇಡ್ವೋ, ಕ್ಯಾಮೆರಾ ತಗೊಳ್ಲೇಬೇಕು. ಅದೇ ವಾರ ಸ್ನೋಡನ್ ಬಯಲು ಮಾಡಿದ ಗೂಢಚರ್ಯೆಯ ಸುದ್ದಿ ಪೇಪರಿನ ತುಂಬ ಇತ್ತು. ಹಾಲಿನಲ್ಲಿ ಸದಾ ಕಿವಿ ತೆರೆದು ಕೂರೋ ಕ್ಯಾಮೆರಾ ಮಾರೋಕೆ ಇದಕ್ಕಿಂತ ಕೆಟ್ಟ ಮುಹೂರ್ತ ಸಿಕ್ತಿರಲಿಲ್ಲ.

ಸಂಜೆ ಸೋನಿ ಸರದಿ. ಅಮೆರಿಕದ ಮುಖ್ಯಸ್ಥ ಜಾಕ್ ಟ್ರೆಟನ್ ವೇದಿಕೆ ಮೇಲೆ ನಿಂತು, ಪಿಎಸ್4ನಲ್ಲಿ ಬಳಸಿದ ಗೇಮ್‌ಗಳಿಗೆ ಯಾವ ಹೊಸ ನಿರ್ಬಂಧವೂ ಇಲ್ಲ ಅಂದ್ರು. ಸಭಾಂಗಣ ಎದ್ದು ಕೂಗ್ತು. ಅವರು ಮುಂದಿನ ವಾಕ್ಯ ಹೇಳೋಕೆ ಕಾಯಬೇಕಾಯ್ತು. ಡಿಸ್ಕ್ ಮಾರಬಹುದು, ಗೆಳೆಯರಿಗೆ ಕೊಡಬಹುದು, ಆನ್‌ಲೈನ್ ಹಾಜರಿ ಬೇಕಿಲ್ಲ. ಒಂದೊಂದಕ್ಕೂ ಚಪ್ಪಾಳೆ. ಸ್ವಲ್ಪ ಯೋಚನೆ ಮಾಡಿ: ಆ ಜನ ಕುಣಿದಿದ್ದು ಹೊಸದೇನೋ ಸಿಕ್ತು ಅಂತ ಅಲ್ಲ. ನಿನ್ನೆವರೆಗೂ ಇದ್ದದ್ದು ನಾಳೆಯೂ ಇರುತ್ತೆ ಅಂತ. ಕೊನೆಗೆ ರೇಟು: 399 ಡಾಲರ್. 100 ಡಾಲರ್ ಕಮ್ಮಿ, ಆಗಿನ ಲೆಕ್ಕದಲ್ಲಿ ಸುಮಾರು 5,800 ರೂಪಾಯಿ. ಕ್ಯಾಮೆರಾ ಬೇಕಾದೋರು ಬೇರೆ ತಗೋಬಹುದು.

ಅವತ್ತೇ ಸೋನಿಯವರು ಯೂಟ್ಯೂಬಿಗೆ ಒಂದು ತುಂಡು ವಿಡಿಯೋ ಬಿಟ್ರು. ಪಿಎಸ್4ನಲ್ಲಿ ಗೇಮ್ ಹಂಚಿಕೊಳ್ಳೋದು ಹೇಗೆ ಅನ್ನೋ ಪಾಠ. ಶುಹೇ ಯೋಶಿದಾ ಪಕ್ಕದಲ್ಲಿದ್ದ ಆಡಂ ಬಾಯ್ಸ್ ಕೈಗೆ ಗೇಮಿನ ಡಬ್ಬಿ ಕೊಡ್ತಾರೆ, ಅವರು ಥ್ಯಾಂಕ್ಸ್ ಅಂತಾರೆ. ಪಾಠ ಮುಗೀತು. ಅರ್ಧ ನಿಮಿಷ ಕೂಡ ಇಲ್ಲ. ನಾನು ಮಾರ್ಕೆಟಿಂಗ್ ಪೇಪರಿಗೆ ಓದಿದ ಯಾವ ಕೇಸ್ ಸ್ಟಡಿಯೂ ಇದರ ಹತ್ರ ಬರಲ್ಲ.

ಅತ್ತ ಮೈಕ್ರೋಸಾಫ್ಟ್‌ನ ಡಾನ್ ಮ್ಯಾಟ್ರಿಕ್ ಒಂದು ಸಂದರ್ಶನದಲ್ಲಿ ಸಿಕ್ಕಿಹಾಕ್ಕೊಂಡ್ರು. ಇಂಟರ್ನೆಟ್ ಇಲ್ಲದೋರು ಏನು ಮಾಡಬೇಕು ಅನ್ನೋ ಪ್ರಶ್ನೆಗೆ, ಅಂಥೋರಿಗೂ ನಮ್ಮ ಹತ್ರ ಒಂದು ಪೆಟ್ಟಿಗೆ ಇದೆ, ಅದೇ ಎಕ್ಸ್‌ಬಾಕ್ಸ್ 360 ಅಂದ್ರು. ಅಂದ್ರೆ ಎಂಟು ವರ್ಷ ಹಳೇದು. ನೆಟ್ ಇಲ್ವಾ, ಹಳೇದ್ರಲ್ಲೇ ಆಡ್ಕೊಳ್ಳಿ. ಸಬ್‌ಮರೀನಿನಲ್ಲಿ ಕೆಲಸ ಮಾಡೋರ ಮಾತೂ ಆ ಸಂದರ್ಶನದಲ್ಲಿ ಬಂತು. ಅಷ್ಟು ದೂರ ಯಾಕೆ, ಮಳೆಗಾಲದಲ್ಲಿ ನಮ್ಮೂರಿಗೆ ಬಂದಿದ್ರೆ ಸಾಕಿತ್ತು. ಗಾಳಿ ಬೀಸಿದ್ರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದ್ರೆ ನೆಟ್ ಹೋಗುತ್ತೆ, ಎರಡೂ ಬರೋ ಹೊತ್ತಿಗೆ 24 ಗಂಟೆ ಆರಾಮಾಗಿ ಕಳೆಯುತ್ತೆ.

ಜೂನ್ 19ಕ್ಕೆ ಮೈಕ್ರೋಸಾಫ್ಟ್ ಸೋತಿತು. 24 ಗಂಟೆಯ ಹಾಜರಿ ಇಲ್ಲ, ಡಿಸ್ಕ್ ಹಿಂದಿನ ಹಾಗೇ ಅಂತ ಮ್ಯಾಟ್ರಿಕ್ ಹೆಸರಿನಲ್ಲೇ ಪ್ರಕಟಣೆ ಬಂತು. ಜುಲೈ 1ಕ್ಕೆ ಅವರು ಕಂಪನಿ ಬಿಟ್ಟು ಝಿಂಗಾಕ್ಕೆ ಹೋದ್ರು.

5/6

ಇಲ್ಲಿ ಕಥೆ ನಿಲ್ಲಿಸಿದ್ರೆ ಸಿನಿಮಾ ಥರ ಚೆನ್ನಾಗಿರುತ್ತೆ. ಆದ್ರೆ ಆ ವಾಪಸಾತಿಯಲ್ಲಿ ಹೋದದ್ದೂ ಒಂದಿದೆ. ಮನೆಯ ಹತ್ತು ಜನರ ತನಕ ಒಂದೇ ಗೇಮ್ ಲೈಬ್ರರಿ ಹಂಚಿಕೊಳ್ಳೋ ಸೌಲಭ್ಯವನ್ನ ಅವರು ಮಾತು ಕೊಟ್ಟಿದ್ರು. ನಿಯಮದ ಜೊತೆಗೆ ಅದೂ ಹೋಯ್ತು. ಅದು ಒಳ್ಳೇ ಐಡಿಯಾನೇ ಆಗಿತ್ತು ಅಂತ ನನ್ನ ಅಭಿಪ್ರಾಯ. ಬೈಯೋ ಭರದಲ್ಲಿ ಯಾರೂ ಅದನ್ನ ಕೇಳಿಸಿಕೊಳ್ಳಲಿಲ್ಲ.

ಮೊದಲು ಮೂಡಿದ ಹೆಸರು ಅಳಿಸೋದು ಕಷ್ಟ. 2014ರ ಜೂನ್‌ನಲ್ಲಿ ಕ್ಯಾಮೆರಾ ಇಲ್ಲದ ಎಕ್ಸ್‌ಬಾಕ್ಸ್ ಒನ್ 399 ಡಾಲರಿಗೆ ಬಂತು. 2015ರಲ್ಲಿ ಫಿಲ್ ಸ್ಪೆನ್ಸರ್ ಹಳೇ 360 ಗೇಮ್‌ಗಳು ಹೊಸ ಪೆಟ್ಟಿಗೆಯಲ್ಲಿ ಓಡ್ತವೆ ಅಂತ ಘೋಷಿಸಿದಾಗ ಇ3ಯಲ್ಲಿ ಮತ್ತೆ ಅದೇ ಥರ ಕೂಗು. ಆದ್ರೂ ಪಿಎಸ್4 11 ಕೋಟಿ 70 ಲಕ್ಷ ದಾಟಿತು, ಮೈಕ್ರೋಸಾಫ್ಟ್ ಮಾರಾಟದ ಅಂಕಿ ಹೇಳೋದನ್ನೇ ನಿಲ್ಲಿಸ್ತು. ಕೊನೆಗೆ 2022ರಲ್ಲಿ ಬ್ರೆಜಿಲ್‌ನ ನಿಯಂತ್ರಣ ಸಂಸ್ಥೆಯ ಮುಂದೆ, ಸೋನಿ ನಮ್ಮ ಎರಡರಷ್ಟಕ್ಕಿಂತ ಹೆಚ್ಚು ಮಾರಿದೆ ಅಂತ ತಾನೇ ಒಪ್ಕೊಳ್ತು.

ಈ ಜಗಳ ನಮ್ಮ ಮನೆಗೆ ತಲುಪಿದ್ದು ಹೇಗೆ ಅಂತ ಹೇಳ್ತೀನಿ. ಪಿಎಸ್4 ಭಾರತಕ್ಕೆ ಬಂದಿದ್ದು 2014ರ ಜನವರಿಯಲ್ಲಿ, 39,990 ರೂಪಾಯಿಗೆ. ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮಣ್ಣ, ದೊಡ್ಡಮ್ಮನ ಮಗ, ಅದನ್ನ ತಗೊಂಡಿದ್ದು ಮೂರು ವರ್ಷ ಆದ್ಮೇಲೆ. ಹೊಸ ಡಿಸ್ಕ್ ತಗೊಳ್ಳೋ ಶಕ್ತಿ ಅವನಿಗಿರಲಿಲ್ಲ. ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ 1,800ಕ್ಕೆ ತರೋನು, ಮುಗಿಸಿ 1,400ಕ್ಕೆ ಅಲ್ಲೇ ಮಾರೋನು. ಅಂದ್ರೆ ಒಂದು ಗೇಮಿಗೆ ತಗುಲಿದ ನಿಜವಾದ ಖರ್ಚು 400 ರೂಪಾಯಿ. ಮಾರೋಕೆ ಮೊದಲು ಡಿಸ್ಕ್ ಊರಿಗೆ ಬರೋದು, ದಸರಾ ರಜೆಯಲ್ಲಿ ನಾನು ಆಡೋದು. 2013ರ ಜೂನ್ 6ರ ಆ ನಿಯಮ ಎಲ್ಲ ಕಡೆ ನಿಂತುಬಿಟ್ಟಿದ್ರೆ ನಾನು ಒಂದೇ ಒಂದು ಗೇಮನ್ನೂ ಆಡ್ತಿರಲಿಲ್ಲ. ಡೌನ್‌ಲೋಡ್ ಮಾಡ್ಕೊಳ್ಳೋದು ಅಂತೀರಾ? ಆಗ ಮನೇಲಿದ್ದಿದ್ದು ದಿನಕ್ಕೆ 1.5 ಜಿಬಿ ಕೊಡೋ ಮೊಬೈಲ್ ಪ್ಯಾಕ್. 50 ಜಿಬಿ ಗೇಮಿಗೆ 34 ದಿನ, ಅದೂ ಅಮ್ಮ ವಾಟ್ಸಾಪ್ ಮುಟ್ಟದೇ ಇದ್ರೆ.

6/6

2020ರ ನವೆಂಬರ್. ಪಿಎಸ್5 ಬಂತು, ಭಾರತಕ್ಕೆ 2021ರ ಫೆಬ್ರವರಿ 2ಕ್ಕೆ. ಎರಡು ಥರ: ಡಿಸ್ಕ್ ಹಾಕಬಹುದಾದದ್ದು 49,990, ಡಿಸ್ಕ್ ಜಾಗವೇ ಇಲ್ಲದ್ದು 39,990. ಈ ಸಲ ಯಾರೂ ಕೂಗಲಿಲ್ಲ. ಯಾಕಂದ್ರೆ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ, ಹತ್ತು ಸಾವಿರ ಡಿಸ್ಕೌಂಟ್ ಕೊಟ್ರು ಅಷ್ಟೇ. 2013ರಲ್ಲಿ ನಿಯಮ ಮಾಡಿ ಸೋತಿದ್ದನ್ನ 2020ರಲ್ಲಿ ರೇಟ್ ಪಟ್ಟಿಯಲ್ಲಿ ಗೆದ್ದರು.

ಅಣ್ಣ ನಂಗೆ ಫೋನ್ ಮಾಡಿ ಯಾವುದು ತಗೊಳ್ಲಿ ಅಂದ. ನಾನು ಆಗ ಪಿಯುಸಿ ಕಾಮರ್ಸ್, ಹೊಸ ಹುರುಪು. ಲೆಕ್ಕ ಹಾಕಿದೆ: ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು ಮಾರಿದ್ರೆ ಒಂದು ಗೇಮಿಗೆ ಕಮ್ಮಿ ಅಂದ್ರೂ 2,000 ಉಳಿಯುತ್ತೆ, ಐದು ಗೇಮಿಗೆ ಹತ್ತು ಸಾವಿರ ವಾಪಸ್. ಆರನೇದರಿಂದ ಲಾಭ. ಡಿಸ್ಕ್ ಇರೋದನ್ನೇ ತಗೋ ಅಂದೆ, ತಗೊಂಡ. ಪಿಎಸ್4 ಡಿಸ್ಕ್‌ಗಳೂ ಅದರಲ್ಲಿ ಓಡ್ತವೆ, ಆ ಹಳೇ ಆಸೆ ಕೊನೆಗೂ ಈಡೇರಿತ್ತು.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 2023ರಲ್ಲಿ ಬಂದ ತೆಳು ಪಿಎಸ್5ಗೆ ಡಿಸ್ಕ್ ಡ್ರೈವನ್ನ ಬೇರೆಯಾಗಿ ಸಿಕ್ಕಿಸಬಹುದು. ಆದ್ರೆ ಸಿಕ್ಕಿಸಿದ ಮೇಲೆ ಒಂದು ಸಲ ಇಂಟರ್ನೆಟ್‌ಗೆ ಹೋಗಿ ಜೋಡಿಸಲೇಬೇಕು. ಹೂಂ, ಹಾಜರಿ ಮತ್ತೆ ಬಂತು. 2024ರಲ್ಲಿ ಪಿಎಸ್5 ಪ್ರೊ ಬಂದಾಗ ಅದಕ್ಕೆ 699.99 ಡಾಲರ್ ಇತ್ತು, ಡಬ್ಬಿಯಲ್ಲಿ ಡ್ರೈವೇ ಇಲ್ಲ. ನಮಗಂತೂ ಆ ಚಿಂತೆಯೂ ಬರಲಿಲ್ಲ, ಅದರ ವೈಫೈ ಬಳಸೋ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ ಅಂತ ಸೋನಿ ಅದನ್ನ ಆಗ ಭಾರತಕ್ಕೆ ತರಲಿಲ್ಲ. ಅದೇ ವರ್ಷ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ತನ್ನ ದಿ ಕ್ರೂ ಗೇಮಿನ ಸರ್ವರ್ ಮುಚ್ಚಿತು, ಡಿಸ್ಕ್ ಇಟ್ಕೊಂಡೋರಿಗೂ ಗೇಮ್ ಓಡಲಿಲ್ಲ. ಡಿಸ್ಕ್ ಕೈಲಿದ್ರೆ ಸಾಕು ಅನ್ನೋ ನನ್ನ ವಾದಕ್ಕೂ ಅಲ್ಲೊಂದು ತೂತು ಬಿತ್ತು.

ಹಾಗಾಗಿ ಮುಂದಿನ ಕನ್ಸೋಲಿನಲ್ಲಿ ನಂಗೆ ಏನು ಬೇಕು ಅಂತ ನೀವು ಕೇಳಿದ್ರೆ, ಒಂದು ಸೀಳು. ಡಿಸ್ಕ್ ತೂರಿಸೋಕೆ ಒಂದು ಸೀಳು, ಅದಕ್ಕೆ ಹಾಕಿದ್ದು ಯಾರ ಅಪ್ಪಣೆಯೂ ಇಲ್ಲದೆ ಓಡ್ಬೇಕು. ಗ್ರಾಫಿಕ್ಸ್ ಈಗಿರೋ ಅಷ್ಟೇ ಇದ್ರೂ ನಡೆಯುತ್ತೆ.

ಅಣ್ಣನ ಪಿಎಸ್4 ಈಗ ನಮ್ಮನೇಲಿದೆ, ಜೊತೆಗೆ ಅವನು ಮಾರದೇ ಉಳಿಸಿಕೊಂಡ ಒಂದೇ ಒಂದು ಡಿಸ್ಕ್, 2018ರ ಸ್ಪೈಡರ್-ಮ್ಯಾನ್. ಜೊತೆಗೆ ಅಂದೆ, ಆದ್ರೆ ಡಬ್ಬಿ ಮಾತ್ರ ನಮ್ಮನೇಲಿದೆ. ಡಿಸ್ಕ್ ಫಸ್ಟ್ ಇಯರ್ ಬಿ ಸೆಕ್ಷನ್‌ನ ಒಬ್ಬನ ಹತ್ರ ಎರಡು ತಿಂಗಳಿಂದ ಇದೆ. ಇದನ್ನ ಓದ್ತಿದ್ರೆ, ಸೋಮವಾರ ತಂದುಕೊಡಪ್ಪಾ. ಸೆಕೆಂಡ್ ಇಯರ್‌ನವನೊಬ್ಬ ಆಗ್ಲೇ ಕ್ಯೂನಲ್ಲಿದ್ದಾನೆ.