ಒಂದೇ ಖೋಲಿ, ಎರಡು ಕಿವಿ

ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ನನ್ನ ಅಕ್ಕನ ಮನೆಯಿದೆ. ಮನೆಯೆಂದರೆ ಒಂದು ಖೋಲಿ, ಅದರ ಮೂಲೆಯಲ್ಲೊಂದು ಮೋರಿ, ಮೇಲೊಂದು ಮಾಳಿಗೆ. ಭಾವನವರದು ಕ್ಯಾಂಟೀನಿನಲ್ಲಿ ರಾತ್ರಿಪಾಳಿ. ಹಗಲೆಲ್ಲ ಅವರಿಗೆ ನಿದ್ದೆ. ಅಕ್ಕನ ಅತ್ತೆಗೆ ರಾತ್ರಿ ಬೇಗ ಮಲಗುವ ಅಭ್ಯಾಸ. ಅಳಿಯ ಕಲೀನಾದ ವಿದ್ಯಾನಗರಿಯಲ್ಲಿ ಎಂ.ಎ. ಓದುತ್ತಾನೆ, ವಾರಕ್ಕೆರಡು ದಿನ ಹಿಂದೂಸ್ತಾನಿ ಗಾಯನ ಕಲಿಯುತ್ತಾನೆ. ಮಲ್ಲಿಕಾರ್ಜುನ ಮನ್ಸೂರರನ್ನು ದಿನಾಲೂ ಒಂದು ತಾಸು ಕೇಳಬೇಕೆಂದು ಅವನ ಗುರುಗಳ ಅಪ್ಪಣೆ. ಆ ಒಂದು ತಾಸನ್ನು ಎಲ್ಲಿಂದ ತರುವುದು?

ಕಳೆದ ಮಳೆಗಾಲದಲ್ಲಿ ಅವನು ಕೇಳಿದ: “ಮಾವ, ಟ್ಯೂಷನ್ ಹೇಳಿ ಎರಡೂವರೆ ಸಾವಿರ ಕೂಡಿಟ್ಟಿದ್ದೇನೆ. ಒಂದು ಒಳ್ಳೆಯ ಹೆಡ್‌ಫೋನ್ ಬೇಕು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ. ಯಾವುದಾದೀತು?”

ನನಗೆ ತಕ್ಷಣ ಉತ್ತರ ತಿಳಿಯಲಿಲ್ಲ. ತಿಳಿಯದಿದ್ದಾಗ ಇತಿಹಾಸದ ಕಡೆ ತಿರುಗುವುದು ನನ್ನ ಹಳೆಯ ಚಾಳಿ.

ಇಂದು ಷೋಕಿಯ ವಸ್ತುವಾಗಿ ಕಾಣುವ ಈ ಸಾಧನ ಹುಟ್ಟಿದ್ದು ಅಡುಗೆಮನೆಯಲ್ಲಿ. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ 1910ರಲ್ಲಿ ತನ್ನ ಅಡುಗೆಮನೆಯಲ್ಲೇ ತಯಾರಿಸಿದ ಕಿವಿಜೋಡಿಯನ್ನು ಅಲ್ಲಿನ ನೌಕಾದಳ ಕೊಂಡುಕೊಂಡಿತು. ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಕೊಡಲು ಅವನಿಗೆ ಸಾಧ್ಯವಿರಲಿಲ್ಲವಂತೆ. ಅದರ ಹೆಚ್ಚುಗಾರಿಕೆ ಇದ್ದದ್ದು ಅತಿ ಕ್ಷೀಣವಾದ ಸಂಕೇತವನ್ನೂ ಕೇಳಿಸುವ ಗುಣದಲ್ಲಿ.

ಆ ಗುಣ ಬಡವರ ಪಾಲಿಗೂ ಒದಗಿತು. 1923ರಲ್ಲಿ ಬೊಂಬಾಯಿಯ ರೇಡಿಯೋ ಕ್ಲಬ್ ಪ್ರಸಾರ ಆರಂಭಿಸಿತು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಬೊಂಬಾಯಿ ಕೇಂದ್ರ ಬಾಗಿಲು ತೆರೆಯಿತು. ಕವಾಟಗಳುಳ್ಳ ದೊಡ್ಡ ರೇಡಿಯೋ ಶ್ರೀಮಂತರ ದಿವಾನಖಾನೆಯ ಆಭರಣ. ಅಗ್ಗದ್ದೆಂದರೆ ಹರಳಿನ ಸೆಟ್ಟು: ಗೆಲೀನಾ ಎಂಬ ಸೀಸದ ಅದಿರಿನ ತುಣುಕು, ಅದನ್ನು ಮುಟ್ಟುವ ತಂತಿಯ ಮೊನೆ, ಒಂದು ಸುರುಳಿ, ಒಂದು ಉದ್ದದ ಏರಿಯಲ್. (ಗೆಲೀನಾ ಹರಳಿನಿಂದ ಅಲೆಗಳನ್ನು ಗುರುತಿಸುವ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ನಮ್ಮ ಜಗದೀಶಚಂದ್ರ ಬೋಸರು.) ಅದಕ್ಕೆ ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ, ಬಂದ ಅಲೆಯ ಬಲವೇ ಧ್ವನಿಯ ಬಲ. ಅಷ್ಟು ಸಣ್ಣ ಬಲದಿಂದ ಕೊಠಡಿ ತುಂಬುವುದಿಲ್ಲ, ಕಿವಿ ಮಾತ್ರ ತುಂಬುತ್ತದೆ. ಹೀಗಾಗಿ ಹೆಡ್‌ಫೋನ್ ಇಲ್ಲದೆ ಹರಳಿನ ಸೆಟ್ಟಿಗೆ ಬಾಯಿಯೇ ಇಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಾಗಲೂ, ವಾಣಿ ಆಕಾಶದ್ದಾದರೂ ಕಿವಿಯ ದಾರಿ ಕೆಲವರಿಗೆ ಹೀಗೇ ಇಕ್ಕಟ್ಟಾಗಿದ್ದೀತು.

ಮುಂದೆ ಧ್ವನಿವರ್ಧಕ ಗೆದ್ದಿತು. ರೇಡಿಯೋ ಹೊಟೇಲಿನ ಗಲ್ಲಾದ ಮೇಲೇರಿತು. ಹೆಡ್‌ಫೋನ್ ವಿಮಾನಚಾಲಕರ, ದೂರವಾಣಿಯವರ, ಸೈನಿಕರ ತಲೆಗೆ ಸರಿಯಿತು. ಸಂಗೀತಕ್ಕೆ ಅದು ಮರಳಿದ್ದು 1958ರಲ್ಲಿ. ಮಿಲ್ವಾಕಿಯ ಜಾನ್ ಕಾಸ್ ಎಂಬ ಜಾಝ್ ವಾದಕ ಒಂದು ಗ್ರಾಮಫೋನನ್ನು ಪ್ರದರ್ಶಿಸಲೆಂದು ಜೊತೆಗೆ ಸ್ಟೀರಿಯೋ ಹೆಡ್‌ಫೋನನ್ನಿಟ್ಟ. ಬಂದವರು ಗ್ರಾಮಫೋನನ್ನು ಮರೆತು ಹೆಡ್‌ಫೋನನ್ನು ಕೇಳಿದರು. ಹತ್ತು ವರ್ಷಗಳ ಬಳಿಕ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಕಂಪನಿ ಹಳದಿ ಸ್ಪಂಜಿನ ಎಚ್‌ಡಿ 414 ತಂದಿತು. ಅದು ಹಗುರ, ಬೆನ್ನು ತೆರೆದದ್ದು. ಒಳಗಿನ ಧ್ವನಿ ಹೊರಗೂ ಹೋಗುತ್ತಿತ್ತು. ಅದರಿಂದಲೇ ಸ್ವರ ತಲೆಯೊಳಗೆ ಕೂಡಿಹಾಕಿದಂತಿರದೆ ಬಯಲಿನಲ್ಲಿದ್ದಂತೆ ಕೇಳುತ್ತಿತ್ತು.

ಕನ್ನಡದ ಗಡಿಯಾರ ಇಲ್ಲಿ ವಿಚಿತ್ರವಾಗಿ ಕೂಡಿಬರುತ್ತದೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ. ಮರುವರ್ಷ, 1979ರ ಜುಲೈಯಲ್ಲಿ, ಸೋನಿಯ ವಾಕ್‌ಮನ್. ಅದರ ಜೊತೆ ಬಂದ ಹೆಡ್‌ಫೋನ್ ಸುಮಾರು 50 ಗ್ರಾಮ್ ತೂಗುತ್ತಿತ್ತು. ಮೊದಲ ವಾಕ್‌ಮನ್ನಿನಲ್ಲಿ ಹೆಡ್‌ಫೋನ್ ಸಿಕ್ಕಿಸಲು ಎರಡು ತೂತುಗಳಿದ್ದವು. ಒಬ್ಬನೇ ಕುಳಿತು ಕೇಳುವುದು ಪಕ್ಕದವರಿಗೆ ಅಗೌರವವೆಂದು ಕಂಪನಿಯ ಅಕಿಯೋ ಮೊರಿಟಾಗೆ ಅಳುಕಿತ್ತು.

ಇನ್ನೊಂದು ವಿಚಿತ್ರ ನಮ್ಮ ಉಪನಗರದ ಹೆಸರಿನಲ್ಲೇ ಇದೆ. 1973ರಲ್ಲಿ ಸರಕಾರ ‘ಸಾಂತಾಕ್ರೂಜ್ ಎಲೆಕ್ಟ್ರಾನಿಕ್ಸ್ ರಫ್ತು ಸಂಸ್ಕರಣಾ ವಲಯ’ವನ್ನು ತೆರೆಯಿತು, ಎಲ್ಲರ ಬಾಯಲ್ಲಿ ಅದು ಸೀಪ್ಝ್. ನೆಲ ಅಂಧೇರಿಯದು, ಹೆಸರು ಸಾಂತಾಕ್ರೂಜ್‌ನದು, ಮಾಲು ಪರದೇಶದ್ದು. ಗೋಡೆಯೊಳಗೆ ಎಲೆಕ್ಟ್ರಾನಿಕ್ ವಸ್ತುಗಳು ತಯಾರಾಗಿ ಹಡಗು ವಿಮಾನ ಹತ್ತುತ್ತಿದ್ದಾಗ, ಗೋಡೆಯ ಹೊರಗಿನ ನಾವು ಮನೀಷ್ ಮಾರ್ಕೆಟ್ಟಿನ ಕಳ್ಳಮಾಲಿಗೋ ಗಲ್ಫಿನಿಂದ ಬರುವ ಚಿಕ್ಕಪ್ಪನ ಪೆಟ್ಟಿಗೆಗೋ ಕಾಯುತ್ತಿದ್ದೆವು. ನನಗೆ ಅಂಥ ಚಿಕ್ಕಪ್ಪ ಇರಲಿಲ್ಲ. ಮೊದಲ ಸಂಬಳದಲ್ಲಿ ಫುಟ್‌ಪಾತಿನಲ್ಲಿ ಕೊಂಡ ನನ್ನ ಹೆಡ್‌ಫೋನಿನ ಮೇಲೆ ಜಪಾನಿನ ಪ್ರಸಿದ್ಧ ಹೆಸರಿತ್ತು, ಒಂದು ಅಕ್ಷರ ಮಾತ್ರ ಹೆಚ್ಚು. ಮೂರನೆಯ ವಾರ ಎಡಕಿವಿ ಮೌನವಾಯಿತು. ಮನ್ಸೂರರನ್ನು ಆರು ತಿಂಗಳು ಬಲಗಿವಿಯಿಂದಲೇ ಕೇಳಿದ್ದೇನೆ. ಅಳಿಯನ ಪ್ರಶ್ನೆ ನನ್ನನ್ನು ಅಷ್ಟು ಕಾಡಿದ್ದಕ್ಕೆ ಕಾರಣ ಅದೇ.

ಈ ಚರಿತ್ರೆಯಿಂದ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಎಚ್‌ಡಿ 414ರ ವಂಶದ ತೆರೆದ ಬೆನ್ನಿನದು ಕೇಳಲು ಎಷ್ಟೇ ಸೊಗಸಾಗಿದ್ದರೂ ಒಂದೇ ಖೋಲಿಗೆ ಒಗ್ಗದು; ಅಜ್ಜಿಯ ನಿದ್ದೆ ಕೆಡುತ್ತದೆ. ಹಾಗಾಗಿ ಮುಚ್ಚಿದ್ದೇ ಬೇಕು, ಕಿವಿಯನ್ನು ಪೂರ್ತಿ ಸುತ್ತುವಂಥದು. ತಂತಿಯದೇ ಬೇಕು, ಬ್ಲೂಟೂತಿನದರಲ್ಲಿ ಅದೇ ಹಣ ಬ್ಯಾಟರಿಗೂ ರೇಡಿಯೋ ಚಿಪ್ಪಿಗೂ ಹಂಚಿಹೋಗುತ್ತದೆ, ಬ್ಯಾಟರಿ ಸತ್ತ ದಿನ ಉಳಿದದ್ದೂ ಸತ್ತಂತೆ. ರೋಧಕತೆ 32 ಓಮ್ ಆಸುಪಾಸಿನಲ್ಲಿರಲಿ. 250 ಓಮ್‌ನದನ್ನು ಮೊಬೈಲು ಬಡಪಾಯಿಯಂತೆ ಎಳೆಯುತ್ತದೆ. ಹರಳಿನ ಸೆಟ್ಟಿನವರಿಗೆ ಗೊತ್ತಿದ್ದ ಮಾತೇ ಇದು: ಕೊಡುವವನ ಬಲ ಸಣ್ಣದಿದ್ದಾಗ ಕೇಳಿಸುವ ಸಾಧನ ಸೂಕ್ಷ್ಮವಾಗಿರಬೇಕು. ತಂತಿ ಮತ್ತು ಮೆತ್ತೆ ಬಿಚ್ಚಿ ಬದಲಿಸುವಂತಿದ್ದರೆ ಅರ್ಧ ಜಗಳ ಮುಗಿಯಿತು.

ಗದ್ದಲ ಅಳಿಸುವ ಯಂತ್ರದ ಆಸೆಯೂ ಅವನಿಗಿತ್ತು. ವಾಕೋಲಾದವನಿಗೆ ಆ ಆಸೆ ತಪ್ಪಲ್ಲ, ವಿಮಾನಗಳು ತಲೆಯ ಮೇಲೇ ಸಾಗುತ್ತವೆ. ಬಂಗಾಳಿ ಕ್ರಾಂತಿಕಾರಿಯೊಬ್ಬರ ಮಗ ಅಮರ್ ಬೋಸರಿಗೆ ಆ ಕಲ್ಪನೆ ಹೊಳೆದದ್ದೂ 1978ರಲ್ಲಿ ಝೂರಿಕ್‌ನಿಂದ ಮರಳುವ ವಿಮಾನದಲ್ಲೇ. ಆದರೆ ಈ ಬೆಲೆಗೆ ಅದನ್ನು ಕೊಡುವವರು ಸ್ವರದಿಂದ ಕಡಿದೇ ಕೊಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಬಿಟ್ಟೆವು.

ಅಂಗಡಿಗೆ ಹೋಗುವಾಗ ನಮ್ಮದೇ ಹಾಡುಗಳನ್ನು ಒಯ್ದೆವು. ಅಂಗಡಿಯವನು ಹಾಕಿದ ಸಿನೆಮಾ ಹಾಡಿನಲ್ಲಿ ಎಲ್ಲ ಹೆಡ್‌ಫೋನೂ ಗುಡುಗುತ್ತವೆ. ಮನ್ಸೂರರನ್ನು ಹಾಕಿದಾಗ ಬಣ್ಣ ಬಯಲಾಯಿತು: ಒಂದರಲ್ಲಿ ಎಡಗೈ ತಬಲಾ ಗಾಯಕನ ಮೇಲೆಯೇ ಕುಳಿತಿತ್ತು, ಇನ್ನೊಂದರಲ್ಲಿ ತಂಬೂರಿಯ ಜವಾರಿ ಸೊಳ್ಳೆಯ ಗುಂಯ್‌ಗುಟ್ಟಿನಂತಿತ್ತು. ಮೂರನೆಯದರಲ್ಲಿ ತಂಬೂರಿ ಹಿಂದೆ ನಿಂತಿತು, ದನಿ ಮುಂದೆ ಬಂತು, ತಾನಿನ ನಡುವೆ ಎಳೆದ ಉಸಿರೂ ಕೇಳಿಸಿತು. ಅಳಿಯ ತಲೆಯಿಂದ ತೆಗೆಯಲೇ ಇಲ್ಲ. ಹತ್ತು ನಿಮಿಷ ಹಾಗೇ ಇರಿಸಿದೆ. ಕಿವಿಯ ಹಾಲೆ ನೋಯುತ್ತದೋ ಎಂದು ನೋಡಲು. ಬೆಲೆ 2,200 ರೂಪಾಯಿ. ಉಳಿದ ಹಣದಲ್ಲಿ ಮೊಬೈಲಿಗೆ ಸಿಕ್ಕಿಸುವ ಅಡಾಪ್ಟರ್ ಬಂತು. ಸದ್ದಿನ ಬಗ್ಗೆ ಮಾತ್ರ ತಾಕೀತು ಮಾಡಿದೆ: 80 ಡೆಸಿಬೆಲ್ ಆದರೆ ವಾರಕ್ಕೆ 40 ತಾಸು ಸುರಕ್ಷಿತವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಸದ್ದು ಏರಿದಂತೆ ತಾಸು ಇಳಿಯುತ್ತದೆ.

ದೀಪಾವಳಿಗೆ ಹೋದಾಗ ಭಾವ ಮಲಗಿದ್ದರು. ಅಳಿಯ ಮೂಲೆಯಲ್ಲಿ ಕುಳಿತಿದ್ದ, ಪಕ್ಕದಲ್ಲಿ ಅಜ್ಜಿ. ಒಂದು ತಂತಿಯನ್ನು ಎರಡು ಮಾಡುವ ಸಣ್ಣ ಕವಲನ್ನು ಅವನು ಎಲ್ಲಿಂದಲೋ ತಂದಿದ್ದ. ಅಜ್ಜಿಯ ಕಿವಿಗೆ ಹಳೆಯ ಇಯರ್‌ಫೋನ್. “ಇದು ಯಾರೋ, ಧಾರವಾಡದವರಾ?” ಎಂದು ಆಕೆ ಕೇಳಿದ್ದು ಖೋಲಿಗೆಲ್ಲ ಕೇಳಿಸಿತು. ಭಾವ ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದರು.